ಬೀಗತಿಯರ ಮಹಾಸಮರ ಅಥವಾ ಬೆಳ್ಳಿ ಉಡದಾರದ ವಿಜಯ

ಕಲಿಯುಗದ ಪ್ರಥಮಪಾದದಲ್ಲಿ, ಜಂಬೂದ್ವೀಪದ ಭರತವರ್ಷದಲ್ಲಿ, ಮಲಪ್ರಭೆಗೂ ಘಟಪ್ರಭೆಗೂ ನಡುವೆ, ಕುಪ್ಪಸದ ಖಣಗಳಿಗೆ ತವರೆನಿಸಿದ ಗುಳೇದಗುಡ್ಡವೆಂಬ ಪುರದಲ್ಲಿ, ಹದಿಮೂರು ದಿನದ ಕೂಸೊಂದು ತನ್ನ ಹೆಸರಿಗಾಗಿ ಕಾಯುತ್ತ ತೊಟ್ಟಿಲಲ್ಲಿ ಮಲಗಿತ್ತು. ಆ ಹೆಸರಿನ ನಿಮಿತ್ತವಾಗಿ ಎರಡು ಮಹಾಕುಲಗಳು ಒಂದೇ ಪಡಸಾಲೆಯಲ್ಲಿ ಎದುರುಬದುರಾದ ಕಥೆಯನ್ನು ಹೇಳಹೊರಟಿದ್ದೇನೆ. ಎಲೈ ವಾಗ್ದೇವಿಯೇ, ಬಿಡುವಿದ್ದರೆ ಬಂದು ನಾಲಗೆಯ ಮೇಲೆ ಕೂಡು. ಬಿಡುವಿಲ್ಲದಿದ್ದರೆ ಚಿಂತೆಯಿಲ್ಲ, ಈ ಕಥೆಯಲ್ಲಿ ಮಾತಾಡುವವರಿಗೆ ಬರವಿಲ್ಲ.

ಮೊದಲು ವೀರರನ್ನು ಬಣ್ಣಿಸುವೆ. ಬೆಟಗೇರಿಯಿಂದ ಬೆಳಗಿನ ಬಸ್ಸನ್ನೇರಿ, ಮಡಿಲಲ್ಲಿ ಬೆಳ್ಳಿಯ ಉಡದಾರವನ್ನೂ ಕಣ್ಣಲ್ಲಿ ನಲವತ್ತು ವರ್ಷದ ನಿಶ್ಚಯವನ್ನೂ ಇಟ್ಟುಕೊಂಡು ಬಂದಿಳಿದವಳು ಕೂಸಿನ ತಂದೆಯ ತಾಯಿ, ನೇಕಾರಕುಲತಿಲಕೆ, ಕಂಡಿಕಾಚಕ್ರಭ್ರಮಣನಿಪುಣೆ, ಒಗ್ಗರಣೆಧೂಮವಿಜಯಿನಿ ಬನಶಂಕರವ್ವ. ಅವಳೆದುರು ಹೊಸ್ತಿಲಲ್ಲೇ ಆರತಿತಟ್ಟೆ ಹಿಡಿದು ನಿಂತವಳು ಕೂಸಿನ ತಾಯಿಯ ತಾಯಿ, ಖಣಸಹಸ್ರವಿತರಣಶೀಲೆ, ಅಡಕೊತ್ತಾಯುಧಧಾರಿಣಿ ಚೌಡವ್ವ. ಇಬ್ಬರೂ ನಕ್ಕರು. ಬೀಗತಿಯರು ಹಾಗೆ ನಕ್ಕಾಗ ಬುದ್ಧಿವಂತರು ಹಿತ್ತಲಿಗೆ ಹೋಗುತ್ತಾರೆ.

ಬೆಲ್ಲದ ನೀರು ಕುಡಿದು, ಸೆರಗಿನಿಂದ ಬಾಯೊರೆಸಿ, ಬನಶಂಕರವ್ವ ಮೊದಲ ಶಂಖವನ್ನೂದಿದಳು.

"ಕೂಸಿನ ಹೆಸರು ಕಿಶೋರಚಂದ್ರ. ನಲವತ್ತ ವರ್ಷದ ಹಿಂದನ ಇಟ್ಟೇನಿ. ಮಗಾ ಹುಟ್ಟಿದಾಗ ನಮ್ಮ ಅತ್ತಿ ಬಿಡಲಿಲ್ಲ. ಈಗ ಆಕಿ ಇಲ್ಲ, ನಾನ ಅತ್ತಿ. ಯಾರ ತಡೀತಾರ ನೋಡೂಣು."

"ತಡಿಯಾಕ ನಾವ್ಯಾರ್ರಿ ಬೀಗತೇರ?" ಎಂದಳು ಚೌಡವ್ವ, ಅಡಕೆಯನ್ನು ಕಟಕ್ಕನೆ ಎರಡು ಹೋಳು ಮಾಡುತ್ತ. "ಆದ್ರ ತೊಟ್ಟಿಲಾ ನಮ್ಮ ಮನ್ಯಾಗ ತೂಗಾಕತ್ತೈತಿ. ಕೂಸಿನ ಹೆಸರು ವಿಕ್ರಮ. ನನ್ನ ಪಿಕ್ಚರಿನ ಹೀರೋಂದು."

ಪಿಕ್ಚರೆಂಬ ಶಬ್ದ ಬಿದ್ದದ್ದೇ ತಡ, ಬನಶಂಕರವ್ವನ ಮೂಗುತಿ ಮಿಂಚಿತು. ಅವಳು ಆರಿಸಿದ ಹೆಸರೂ ಪಿಕ್ಚರಿನದೇ. 'ಬೆಳ್ಳಿ ಉಡದಾರ' ಎಂಬ ಆ ಚಿತ್ರವನ್ನು ಬೆಟಗೇರಿಯಲ್ಲಿ ಅವಳು ಹನ್ನೊಂದು ಸಲ ನೋಡಿದ್ದಳು.

"ಕಿಶೋರಚಂದ್ರ ಅಂದ್ರ ಎಂಥಾ ಕೂಸು ಗೊತ್ತೇನ್ರಿ? ಬೆಳ್ಳಿ ಉಡದಾರ ಕಟಗೊಂಡು, ಸ್ಟೇಷನ್ನಿನ ಗದ್ದಲದಾಗ ಅವ್ವನ ಕೈ ತಪ್ಪತಾನ. ಕೂಸು ಗಾಡ್ಯಾಗ ಐತಂತ ಆ ತಾಯಿ ಗಾಡಿ ಹಿಂದ ಓಡಿಕೋತ ಒದರತಾಳ ನೋಡ್ರಿ, ಕಲ್ಲೂ ಅಳಬೇಕು!"

"ಅಳಾಕ ಪಿಕ್ಚರ್ ಯಾಕ ಬೇಕ್ರಿ, ಮನ್ಯಾಗ ಉಳ್ಳಾಗಡ್ಡಿ ಇಲ್ಲೇನು? ನಮ್ಮ ವಿಕ್ರಮನ್ನ ನೋಡ್ರಿ. ಒಂದ ಕೈಯಾಗ ಜಟಕಾದ ಲಗಾಮು, ಒಂದ ಕೈಯಾಗ ಚಾಬೂಕು. ಏಳು ಮಂದಿ ಬಂದ್ರೂ ಕುದುರಿ ನಿಂದ್ರಸಲಾರ್ದ ಬಡೀತಾನ!"

"ಬಡದಾಟ ನೋಡಾಕ ಟಾಕೀಜಿಗೆ ಯಾಕ ಹೋಗಬೇಕು? ನಳಕ್ಕ ನೀರ ಬಂದಾಗ ಓಣ್ಯಾಗ ನಿಂತ್ರ ಸಾಕು."

ಹೀಗೆ ವಾಗ್ಬಾಣಗಳು ಸುರಿಯತೊಡಗಿ, ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಮಾವಂದಿರ ಫೋಟೋಗಳು ಸಹ ಬೆದರಿದಂತೆ ಕಂಡವು. ಹೆಸರಿಡುವ ಮುಹೂರ್ತ ಹನ್ನೊಂದಕ್ಕೆ. ಗಂಟೆ ಒಂಬತ್ತಾಗಿತ್ತು. ಆಗ ಕೂಸಿನ ತಂದೆ ವೀರೇಶ, ಅತ್ತ ಹೆತ್ತವಳು ಇತ್ತ ಹೆಣ್ಣುಕೊಟ್ಟವಳು ಎಂಬ ಇಕ್ಕಟ್ಟಿನಲ್ಲಿ ಸಿಕ್ಕವನು, ಮೊಬೈಲನ್ನು ವಜ್ರಾಯುಧದಂತೆ ಮೇಲೆತ್ತಿ ಸಂಧಿಯನ್ನು ಸಾರಿದ.

"ಎರಡೂ ಪಿಕ್ಚರ್ ಟೀವ್ಯಾಗ ಹಾಕತೀನಿ. ಎಲ್ಲಾರೂ ನೋಡ್ಲಿ. ಯಾವ ಹೀರೋ ಚಲೋ ಅಂತಾರ, ಅವನ ಹೆಸರು. ಅವ್ವಾಂದು ಸಿಕ್ತು. ಅತ್ತೇರ, ನಿಮ್ಮ ಪಿಕ್ಚರಿನ ಹೆಸರೇನ್ರಿ?"

"ಜಟಕಾ ಪಿಕ್ಚರ್."

"ಹಂಗ ಯಾವದೂ ಇಲ್ರಿ."

"ಊರಿಗೆ ಊರ ಜಟಕಾ ಪಿಕ್ಚರ್ ಅಂತಿತ್ತು. ನಿನ್ನ ಮೊಬೈಲಿಗೆ ಗೊತ್ತಿಲ್ಲಂದ್ರ ಅದು ನನ್ನ ತಪ್ಪಲ್ಲ," ಎಂದಳು ಚೌಡವ್ವ. ಆದರೆ ಅಡಕೊತ್ತು ಅಡಕೆಯನ್ನು ಬಿಟ್ಟು ಬರಿ ಗಾಳಿಯನ್ನು ಕತ್ತರಿಸಿತು.

ಅವಳಿಗಿಂತ ಹೆಚ್ಚು ಅಳುಕಿದವಳು ಬನಶಂಕರವ್ವ. ಕೇಳುಗರೇ, ಇಲ್ಲೊಂದು ಗುಟ್ಟನ್ನು ಒಡೆಯಬೇಕಾಗಿದೆ. ಹನ್ನೊಂದು ಸಲ ನೋಡಿದ ಆ ಚಿತ್ರವನ್ನು ಅವಳು ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ಸೊಸೆಯಾಗಿದ್ದ ಕಾಲದಲ್ಲಿ ಅತ್ತೆಯ ಅಪ್ಪಣೆ ಸ್ಪಷ್ಟವಾಗಿತ್ತು: ಮಿಲ್ಲಿನ ಐದರ ಭೋಂಗಾ ಕೂಗುವ ಹೊತ್ತಿಗೆ ನೂಲಿನ ಕಂಡಿಕೆ ಸುತ್ತುವ ರಾಟೆಯ ಮುಂದೆ ಕೂತಿರಬೇಕು. ಮಧ್ಯಾಹ್ನದ ಆಟದ ಇಂಟರ್ವಲ್ಲಿಗೆ ಎದ್ದು ಓಡಿದರಷ್ಟೇ ಅದು ಸಾಧ್ಯ. ಹನ್ನೊಂದು ಸಲವೂ ಓಡಿದಳು. ಹನ್ನೊಂದು ಸಲವೂ ಆ ಕೂಸು ಸ್ಟೇಷನ್ನಿನಲ್ಲಿ ಕಳೆದುಹೋಗಿ ದೀಪ ಹತ್ತುತ್ತಿತ್ತು. ಮುಂದೇನಾಯಿತೆಂದು ಓಣಿಯಲ್ಲಿ ಯಾರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ. ಕೇಳಿದರೆ ಸತ್ತಿತು ಅಂದಾರು ಎಂಬ ಭಯ. ಪರದೆಯ ಮೇಲೆ ಆ ತಾಯಿ ಬಾಯಿಬಿಟ್ಟು ಒದರುವುದು ಅವಳಿಗೆ ಅಷ್ಟು ಹಿಡಿಸಿತ್ತು, ಏಕೆಂದರೆ ತಾನಿದ್ದ ಮನೆಯಲ್ಲಿ ಒದರುವಂತಿರಲಿಲ್ಲ. ಇವತ್ತು ಹೆಸರು ಗೆಲ್ಲಬೇಕಾದರೆ ನಲವತ್ತು ವರ್ಷ ಮುಚ್ಚಿಟ್ಟ ಕದ ತೆರೆಯಬೇಕು. ಒಳಗೆ ಕೂಸು ಇದೆಯೋ ಹೆಣ ಇದೆಯೋ ಅವಳಿಗೆ ಗೊತ್ತಿರಲಿಲ್ಲ.

"ಹಚ್ಚೋ ಮಗನ," ಎಂದಳು ಆ ಧೀರೆ.

ಆಮಂತ್ರಿತ ಸ್ತ್ರೀಸಮೂಹ ಜಮಖಾನೆಯ ಮೇಲೆ ವ್ಯೂಹಾಕಾರವಾಗಿ ಕುಳಿತಿತು. ಚಿತ್ರ ಆರಂಭವಾಯಿತು. ತಾಯಿ ಕೂಸಿಗೆ ಉಡದಾರ ಕಟ್ಟಿದಳು, ಜೋಗುಳ ಹಾಡಿದಳು, ಜಟಕಾ ಏರಿ ಸ್ಟೇಷನ್ನಿಗೆ ಹೋದಳು. ಕೈ ತಪ್ಪಿತು. ತಾಯಿ ಒದರಿದಳು. ಉಳ್ಳಾಗಡ್ಡಿಯ ಮಾತಾಡಿದ್ದ ಚೌಡವ್ವ ಮೊದಲು ಮೂಗೊರೆಸಿದಳು. "ನನಗ ಗೊತ್ತಿದ್ದಿಲ್ಲಬೇ, ಹಿಂಗೈತಂತ," ಎಂದು ತನ್ನಷ್ಟಕ್ಕೇ ಗೊಣಗಿದಳು.

ಪರದೆಯ ಮೇಲೆ 'ವಿಶ್ರಾಂತಿ' ಎಂಬ ಅಕ್ಷರ ಮೂಡಿತು. ಬನಶಂಕರವ್ವ ತನಗರಿವಿಲ್ಲದೆ ಎದ್ದು ನಿಂತಿದ್ದಳು. ಕಾಲುಗಳು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿಯೂ ಬಿಟ್ಟಿದ್ದವು. ನಲವತ್ತು ವರ್ಷದ ರೂಢಿ ಸುಮ್ಮನೆ ಬಿಡುತ್ತದೆಯೇ? "ಅವ್ವಾ, ಎಲ್ಲಿಗೆ?" ಎಂದ ವೀರೇಶ. ಅವಳು ಮರಳಿ ಕೂತು, ಮಡಿಲಲ್ಲಿದ್ದ ಉಡದಾರವನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

ಮರುಕ್ಷಣ ಧೂಳೆಬ್ಬಿಸುತ್ತ ಒಂದು ಜಟಕಾ ನುಗ್ಗಿ ಬಂತು. ಲಗಾಮು ಹಿಡಿದವನು ಇಪ್ಪತ್ತೈದರ ತರುಣ. ಚೌಡವ್ವ ಜಮಖಾನೆಯಿಂದ ಒಂದಡಿ ಮೇಲೆ ಹಾರಿದಳು.

"ಇದ! ಇದ ನನ್ನ ಜಟಕಾ ಪಿಕ್ಚರ್! ಅಂವನ ನನ್ನ ವಿಕ್ರಮ!"

ಸಭೆ ಸ್ತಂಭೀಭೂತವಾಯಿತು. ಎರಡು ಸೇನೆಗಳು ಇಷ್ಟು ಹೊತ್ತು ಕಾದಾಡಿದ್ದು ಒಂದೇ ಕೋಟೆಯ ಮುಂಬಾಗಿಲಿಗೂ ಹಿಂಬಾಗಿಲಿಗೂ ಆಗಿತ್ತು. ಕಳೆದುಹೋದ ಕಿಶೋರಚಂದ್ರನನ್ನು ತಾಯಿಯನ್ನು ಸ್ಟೇಷನ್ನಿಗೆ ಒಯ್ದ ಮುದಿ ಜಟಕಾದವನೇ ಸಾಕಿ, ವಿಕ್ರಮನೆಂದು ಕರೆದಿದ್ದ.

"ನೀವು ಮೊದಲನೇ ಅರ್ಧ ನೋಡೇ ಇಲ್ಲೇನ್ರಿ?" ಎಂದಳು ಬನಶಂಕರವ್ವ.

ಅಡಕೊತ್ತಾಯುಧಧಾರಿಣಿ ತಲೆತಗ್ಗಿಸಿದಳು. "ನಮ್ಮ ಸ್ವಾದರಮಾವ ಟಾಕೀಜಿನ ಬಾಗಲಾ ಕಾಯತಿದ್ದ. ಇಂಟರ್ವಲ್ ಆದಮ್ಯಾಲೆ ಮಾಲೀಕ ಮನೀಗೆ ಹೋಗ್ತಿದ್ದ. ಆಮ್ಯಾಲೆ ಮಾವ ನಮ್ಮನ್ನ ಒಳಗ ಬಿಡ್ತಿದ್ದ. ನನಗ ಪಿಕ್ಚರಂದ್ರ ಅಲ್ಲಿಂದನ ಸುರು. ಪಿಕ್ಚರಿನ ಹೆಸರ ಯಾವಾಗ ಬರ್ತದೋ ಯಾರಿಗೆ ಗೊತ್ತು? ನೀವು?"

"ನಾ ಮುಂದಿಂದು ನೋಡಿಲ್ಲ," ಎಂದಳು ಕಂಡಿಕಾಚಕ್ರಭ್ರಮಣನಿಪುಣೆ. "ಸುಮ್ಮಕಿರ್ರಿ, ಈಗ ನೋಡತೀನಿ."

ಆ ಮುಂದಿನ ಒಂದೂಕಾಲು ಗಂಟೆ ಅವಳು ರೆಪ್ಪೆ ಹೊಡೆಯಲಿಲ್ಲ. ಮುಹೂರ್ತ ಮೀರಿತು. ಅಡುಗೆಮನೆಯಲ್ಲಿ ಗೋಧಿಹುಗ್ಗಿ ಆರಿ ಗಟ್ಟಿಯಾಯಿತು. ವಿಕ್ರಮ ಏಳು ಮಂದಿಯನ್ನು ಕುದುರೆ ನಿಲ್ಲಿಸದೆ ಬಡಿದಾಗ, ಬಡಿದಾಟವೆಂದರೆ ಮೂಗು ಮುರಿದಿದ್ದ ಬನಶಂಕರವ್ವ, "ಹಾಕ ಇನ್ನೊಂದು!" ಎಂದು ಕೂಗಿದಳು. ಕಡೆಗೆ ಕುರುಡಿ ಮುದುಕಿಯೊಬ್ಬಳು ಜಟಕಾ ಏರಿದಳು. ಇಳಿಯುವಾಗ ಆಸರೆಗೆ ಚಾಬೂಕು ಹಿಡಿದಳು. ಅದರ ತುದಿಗೆ ಸುತ್ತಿದ್ದ ಸವೆದ ಬೆಳ್ಳಿ ಉಡದಾರ ಅವಳ ಬೆರಳಿಗೆ ತಾಗಿತು. "ಕಿಶೋರಾ..." ಎಂದಳು ಮುದುಕಿ.

"ಸತ್ತಿಲ್ಲ!" ಎಂದು ಬನಶಂಕರವ್ವ ಒದರಿದಳು. ಬೀಗರ ಮನೆಯಲ್ಲಿ, ಐವತ್ತು ಮಂದಿಯ ಮುಂದೆ, ಬಾಯಿಬಿಟ್ಟು ಒದರಿದಳು. "ಕೂಸು ಸತ್ತಿಲ್ಲ! ಅವ್ವಗ ಸಿಕ್ಕಾನ!" ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. ಅದು ದುಃಖವಲ್ಲ, ಅವಳಿಗೆ ಅಷ್ಟು ಸಂತೋಷವಾಗಿತ್ತು.

ಚೌಡವ್ವನೂ ಪಕ್ಕಕ್ಕೆ ಸರಿದು ಕೂತು ಅಳುತ್ತಿದ್ದಳು. "ನಾ ಇಷ್ಟ ವರ್ಷ ಏನ ತಿಳದಿದ್ದೆ ಗೊತ್ತೇನ್ರಿ? ಮುದುಕಿ ಹತ್ರ ಬಾಡಿಗಿ ಇಲ್ಲ, ಅದಕ್ಕ ಯಾರನ್ನೋ ಕರಕೋತ ಅಳತಾಳಂತ ತಿಳದಿದ್ದೆ. ಟಾಕೀಜಿನ ಮಂದಿ ಎಲ್ಲಾ ಯಾಕ ಅಳತಾರ ಅಂತ ತಿಳೀತಿದ್ದಿಲ್ಲ."

ಮೊಣಕಾಲಿಗೆ ಮೊಣಕಾಲು ತಾಗಿಸಿ ಅಳುತ್ತಿದ್ದ ಬೀಗತಿಯರನ್ನು ಕಂಡು, ಸಮರ ಮುಗಿಯಿತೆಂದು ದೇವತೆಗಳು ಹೂಮಳೆಗೆ ಬುಟ್ಟಿ ಎತ್ತಿದ್ದರೋ ಏನೋ. ಅಷ್ಟರಲ್ಲಿ ಕೂಸಿನ ಸೋದರತ್ತೆ, ಅಂದರೆ ಬನಶಂಕರವ್ವನ ಮಗಳು ಶಶಿಕಲಾ, ತೊಟ್ಟಿಲ ಬಳಿ ಬಂದಳು. ಕೂಸಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಪದ್ಧತಿಯಂತೆ ಅವಳದು. ಅವಳು 'ಕುರ್ರ್' ಎಂದು ಬಗ್ಗಿದೊಡನೆ ಸುತ್ತಲಿನ ಹೆಂಗಸರು ಬೆನ್ನಿಗೆ ಗುದ್ದುವುದೂ ಪದ್ಧತಿಯೇ.

"ಹೆಸರ ಹೇಳ್ರಿ, ಹಸಿವ್ಯಾಗೇತಿ," ಎಂದಳು ಶಶಿಕಲಾ.

"ವಿಕ್ರಮ!" ಎಂದಳು ಬನಶಂಕರವ್ವ.

"ಕಿಶೋರಚಂದ್ರ!" ಎಂದಳು ಚೌಡವ್ವ.

ಇಬ್ಬರೂ ಹೊರಳಿ ಒಬ್ಬರನ್ನೊಬ್ಬರು ನೋಡಿದರು.

"ಅಲ್ರಿ, ಕಳಕೊಂಡ ಹೆಸರು ಬ್ಯಾಡ. ಬೆಳದು ಗಟ್ಟಿಯಾದ ಮ್ಯಾಲಿನ ಹೆಸರ ಇರ್ಲಿ."

"ಹೆತ್ತಾಕಿ ಕರದ ಹೆಸರ ಹೆಚ್ಚು! ಕುರುಡಾದ್ರೂ ಆಕಿ ಮರೀಲಿಲ್ಲ!"

"ವಿಕ್ರಮ!"

"ಕಿಶೋರಚಂದ್ರ!"

ಹೀಗೆ ಸೇನೆಗಳು ಪಾಳೆಯ ಬದಲಿಸಿಕೊಂಡು, ಮೊದಲಿಗಿಂತ ಇಮ್ಮಡಿ ಉತ್ಸಾಹದಿಂದ ಪುನಃ ಕಾದಾಟಕ್ಕಿಳಿದವು. ಗಂಟೆ ಹನ್ನೆರಡೂವರೆ. ಶಶಿಕಲಾ ಗೋಧಿಹುಗ್ಗಿಯ ದಿಕ್ಕಿಗೊಮ್ಮೆ, ಅವ್ವನ ದಿಕ್ಕಿಗೊಮ್ಮೆ ನೋಡಿ, 'ಕುರ್ರ್' ಎಂದು ತೊಟ್ಟಿಲಿಗೆ ಬಗ್ಗಿಯೇ ಬಿಟ್ಟಳು. ಗುದ್ದುಗಳು ಬಿದ್ದವು. ಎದ್ದು ಬೆನ್ನು ಸವರಿಕೊಳ್ಳುತ್ತ ಘೋಷಿಸಿದಳು:

"ರಾಜು."

"ಪಿಕ್ಚರಿನ್ಯಾಗ ರಾಜು ಯಾರಬೇ?" ಎಂದಳು ಒಬ್ಬ ಮುತ್ತೈದೆ.

ಬೀಗತಿಯರಿಬ್ಬರೂ ಈಗ ಚಿತ್ರವನ್ನು ಪೂರ್ತಿ ನೋಡಿದವರಾದ್ದರಿಂದ, ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಜಟಕಾದ ಕುದುರಿ!"

"ಹೌದ್ರಿ, ಕುದುರಿ," ಎಂದಳು ಶಶಿಕಲಾ. "ಇಂಟರ್ವಲ್ಲಿಗಿಂತ ಮುಂಚೇನೂ ಇತ್ತು, ಆಮ್ಯಾಲೂ ಇತ್ತು. ಅವ್ವನ್ನ ಸ್ಟೇಷನ್ನಿಗೆ ಒಯ್ದದ್ದೂ ಅದ, ಮಗನ ಹತ್ರ ತಂದದ್ದೂ ಅದ. ಇಪ್ಪತ್ತ ವರ್ಷ ಬಾಯಿ ತಗೀಲಾರ್ದ ದುಡೀತು. ಈ ಮನ್ಯಾಗ ಬಾಯಿ ಮಾಡಾವರು ಭಾಳ ಅದಾರ, ದುಡಿಯಾಂವ ಒಬ್ಬ ಇರ್ಲಿ."

ಪದ್ಧತಿಯ ಗುದ್ದು ಮುಗಿದಿತ್ತು. ಆದರೂ ಬೀಗತಿಯರಿಬ್ಬರೂ ಒಮ್ಮತದಿಂದ, ಆ ದಿನ ಮೊದಲ ಬಾರಿಗೆ, ಅವಳ ಬೆನ್ನಿಗೆ ಇನ್ನೊಂದೊಂದು ಹಾಕಿದರು. ಬಳಿಕ ಬನಶಂಕರವ್ವ ಬಗ್ಗಿ ಕೂಸಿನ ಸೊಂಟಕ್ಕೆ ಬೆಳ್ಳಿ ಉಡದಾರ ಕಟ್ಟಿದಳು. ಗಂಟು ಗಟ್ಟಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದಳು. ರಾಜು ಆಕಳಿಸಿ, ಅಜ್ಜಿಯ ಹೊಸ ಸೀರೆಯ ಮೇಲೆ ಉಚ್ಚೆ ಹೊಯ್ದ. ಎಲ್ಲರೂ ಊಟಕ್ಕೆ ಎದ್ದರು.