ಫುಟ್‌ಬಾಲ್ ತಂಡಕ್ಕೊಂದು ಕಾರಣ ಕೇಳಿ ನೋಟೀಸು

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಪೇಪರನ್ನು ಮುಖದ ಮೇಲೆ ಹಾಕಿಕೊಂಡು ನಿದ್ದೆ ಹೋಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ಯೋಗವಿಲ್ಲ. ಕೈತೊಳೆದು ಎದ್ದ ಗಳಿಗೆಯಿಂದ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ. ನಡುಮನೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮತ್ತೆ ಗೇಟಿಗೆ. ಗಡಿಯಾರ ನೋಡುವುದು, ಅದು ನಿಂತುಹೋಗಿದೆಯೇನೋ ಎಂದು ಹತ್ತಿರ ಹೋಗಿ ಕಿವಿಗೊಡುವುದು. ನನ್ನ ಹೆಂಡತಿ ಮೊದಮೊದಲು ಇದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಜೀರಿಗೆ ಕಷಾಯ ಮಾಡಿಕೊಡುತ್ತಿದ್ದಳು. ನಿಜವಾದ ಕಾರಣ ತಿಳಿದ ಮೇಲೆ ಕಷಾಯವನ್ನೂ ನಿಲ್ಲಿಸಿದಳು, ಮರುಕವನ್ನೂ ನಿಲ್ಲಿಸಿದಳು. ಕಾರಣ ಇಷ್ಟೇ. ನಾನು ಚಾಮರಾಜನಗರದ ಮೂನ್‌ಲೈಟ್ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ.

ಈ ಹೆಸರನ್ನು ನೀವು ಕೇಳಿರಲಾರಿರಿ. ಚಾಮರಾಜನಗರದಲ್ಲೇ ಕೇಳಿದವರು ಕಡಿಮೆ. ಹೆಸರಿಗೆ ಬೆಳದಿಂಗಳು, ಆಡುವುದು ಮಾತ್ರ ಮೂರು ಗಂಟೆಯ ರಣಬಿಸಿಲಿನಲ್ಲಿ. ಆಟಗಾರರಲ್ಲಿ ವೆಲ್ಡಿಂಗ್ ಕೆಲಸದವರಿದ್ದರು, ಬಳೆ ಅಂಗಡಿಯವನಿದ್ದ, ರೇಷ್ಮೆ ನೂಲು ತೆಗೆಯುವ ಅಣ್ಣತಮ್ಮಂದಿರಿದ್ದರು, ಅರಿಶಿನದ ಮಂಡಿಯಲ್ಲಿ ಮೂಟೆ ಹೊರುವ ಪುಣಜನೂರಿನವನೊಬ್ಬನಿದ್ದ. ಕ್ಯಾಪ್ಟನ್ ಇಮ್ತಿಯಾಜ್ ಬಸ್ ಸ್ಟ್ಯಾಂಡಿನ ಹಿಂದೆ ಕುಶನ್ ಅಂಗಡಿ ಇಟ್ಟುಕೊಂಡು ಆಟೋ, ಬೈಕುಗಳ ಸೀಟು ಹೊಲಿಯುತ್ತಿದ್ದ. ಗೋಲಿನಲ್ಲಿ ನಿಲ್ಲುತ್ತಿದ್ದವನೂ ಅವನೇ. ಆ ವರ್ಷ ಸುತ್ತಮುತ್ತಲ ಊರುಗಳ ತಂಡಗಳೆಲ್ಲ ಸೇರಿ ಭಾನುವಾರಗಳಂದು ಪಂದ್ಯ ಆಡುವುದೆಂದು ಮಾಡಿಕೊಂಡಿದ್ದವು. ನಮ್ಮವರು ಆರು ಪಂದ್ಯ ಆಡಿ ಆರನ್ನೂ ಸೋತಿದ್ದರು. ಸೋಲಲಿ, ಬೇಡ ಎನ್ನುವುದಿಲ್ಲ, ನಾನೂ ಜೀವನದಲ್ಲಿ ಎಷ್ಟೋ ಕಡೆ ಸೋತವನೇ. ಆದರೆ ಆ ಆರು ಪಂದ್ಯಗಳಲ್ಲಿ ಅವರು ಒಂದೇ ಒಂದು ಗೋಲು ಹೊಡೆದಿರಲಿಲ್ಲ.

ಅಭಿಮಾನಿಗಳು ಎಂದು ಬಹುವಚನದಲ್ಲಿ ಹೇಳಿಕೊಳ್ಳುವಷ್ಟು ಜನ ನಾವಿದ್ದೆವು. ಟೀ ಅಂಗಡಿಯಲ್ಲಿ ಸೇರುವ ನಾಲ್ಕಾರು ಮಂದಿ ಬರುತ್ತಾ ಹೋಗುತ್ತಾ ಇದ್ದರು. ಖಾಯಂ ಆಗಿ ಇದ್ದವರು ನಾನು ಮತ್ತು ಕುದೇರಿನ ಮಾದಪ್ಪ. ಮಾದಪ್ಪ ವಿದ್ಯುತ್ ಇಲಾಖೆಯ ಲೈನ್‌ಮನ್. ಕಂಬ ಹತ್ತಿ ಹತ್ತಿ ಅವನ ಗಂಟಲು ದೂರಕ್ಕೆ ಕೇಳುವ ಹಾಗೆ ಪಳಗಿತ್ತು. ನಾವಿಬ್ಬರೂ ನಿಲ್ಲುತ್ತಿದ್ದದ್ದು ನಮ್ಮ ತಂಡದ ಗೋಲಿನ ಹಿಂದೆಯೇ, ಏಕೆಂದರೆ ಚೆಂಡು ಹೆಚ್ಚು ಹೊತ್ತು ಇರುತ್ತಿದ್ದದ್ದು ಅಲ್ಲೇ, ಆಟ ಹತ್ತಿರದಿಂದ ಕಾಣುತ್ತಿತ್ತು. “ಅದು ಚೆಂಡು ಕಣ್ಲಾ, ಕೆಂಡ ಅಲ್ಲ. ಮುಟ್ಟುದ್ರೆ ಸುಡಕಿಲ್ಲ,” ಎಂದು ಮಾದಪ್ಪ ಶುರು ಮಾಡುತ್ತಿದ್ದ. ನಾನು ಸರ್ಕಾರಿ ನೌಕರ, ಹಾಗೆಲ್ಲ ಕಿರುಚುವ ಹಾಗಿಲ್ಲ. ‘ಶುದ್ಧ ಬೇಜವಾಬ್ದಾರಿತನ’, ‘ಅಕ್ಷಮ್ಯ ನಿರ್ಲಕ್ಷ್ಯ’ ಎಂಬಂಥ ಮಾತುಗಳನ್ನು ಇಮ್ತಿಯಾಜನ ಬೆನ್ನಿಗೆ ನೇರವಾಗಿ ತಲುಪುವಷ್ಟು ಗಟ್ಟಿಯಾಗಿ ಹೇಳುತ್ತಿದ್ದೆ. ಟಿ.ವಿ.ಯಲ್ಲಿ ವಿಶ್ವಕಪ್ ನೋಡಿದ ಮೇಲಂತೂ ನಮ್ಮ ಪಾಂಡಿತ್ಯಕ್ಕೆ ಲಂಗುಲಗಾಮು ಇಲ್ಲದಂತಾಯಿತು. ಮಾದಪ್ಪನಿಗೆ ಆಫ್‌ಸೈಡ್ ಎಂಬ ಪದ ಎಷ್ಟು ಹಿಡಿಸಿತೆಂದರೆ, ಎದುರಿನಿಂದ ಅಡ್ಡಾದಿಡ್ಡಿ ಬರುವ ಲಾರಿಗೂ ಅವನು ಅದನ್ನೇ ಹೇಳುತ್ತಿದ್ದ.

ಆರನೆಯ ಸೋಲಿನ ಮರುದಿನ ಸೋಮವಾರ ಕಚೇರಿಯಲ್ಲಿ ಕೂತರೆ ನನಗೆ ಕೆಲಸ ಓಡಲೊಲ್ಲದು. ನಾನು ಸಿಬ್ಬಂದಿ ಶಾಖೆಯ ಗುಮಾಸ್ತ. ತಡವಾಗಿ ಬಂದವರು, ಹೇಳದೆ ರಜೆ ಹಾಕಿದವರು, ಕಡತ ಕಳೆದವರು, ಎಲ್ಲರಿಗೂ ಕಾರಣ ಕೇಳಿ ನೋಟೀಸು ತಯಾರಿಸುವುದು ನನ್ನ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದವನಿಗೆ ಸಿಟ್ಟು ಬಂದರೆ ಅದು ಬಾಯಿಗೆ ಬರುವುದಿಲ್ಲ, ಬೆರಳಿಗೆ ಬರುತ್ತದೆ. ಕಚೇರಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು, ಅದರ ಮೇಲೆ ಕೈ ಪಳಗಿಸಿಕೊಳ್ಳಬೇಕೆಂಬ ನೆಪವೂ ಇತ್ತು. ಊಟದ ವೇಳೆಗೆ ನೋಟೀಸು ಸಿದ್ಧವಾಯಿತು. ‘ಸದರಿ ತಂಡವು ಕಳೆದ ಆರು ಪಂದ್ಯಗಳಲ್ಲಿ ಒಂದೂ ಗೋಲನ್ನು ದಾಖಲಿಸದೆ ಕರ್ತವ್ಯಲೋಪ ಎಸಗಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ. ಈ ಬಗ್ಗೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು.’ ಯಾವ ಕ್ರಮ ಎಂದು ನಾನು ಯೋಚಿಸಿರಲಿಲ್ಲ, ಕಚೇರಿಯಲ್ಲೂ ಅದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಕೆಳಗೆ ‘ಅಭಿಮಾನಿಗಳ ಪರವಾಗಿ’ ಎಂದು ಹಾಕಿ, ಹೆಸರು ಬರೆಯದೆ ಬಿಟ್ಟೆ. ಮಾದಪ್ಪ ಅದನ್ನು ಕುಶನ್ ಅಂಗಡಿಗೆ ತಲುಪಿಸಿ, ನಕಲಿನ ಮೇಲೆ ಇಮ್ತಿಯಾಜನ ಸಹಿಯನ್ನೂ ತಂದುಕೊಟ್ಟ. ಅಂದು ಸಂಜೆ ನನಗೆ ಬಹಳ ದಿನಗಳ ಮೇಲೆ ಹಸಿವಾಯಿತು.

ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ. ನೋಟೀಸು ಹೋದ ಎರಡು ದಿನಕ್ಕೆ, ನೋಟೀಸು ಪಡೆದವನು ಊಟದ ಹೊತ್ತಿನಲ್ಲಿ ಮೆಲ್ಲಗೆ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾನೆ. ಉತ್ತರವನ್ನೂ ನಾನೇ ಬರೆದುಕೊಡಬೇಕು. ನಾನು ಬರೆದ ನೋಟೀಸಿನ ಸಂದಿಗೊಂದಿ ನನಗಲ್ಲದೆ ಇನ್ಯಾರಿಗೆ ಗೊತ್ತು? ನೋಟೀಸು ಎಷ್ಟು ಖಾರವಾಗಿರುತ್ತದೋ ಉತ್ತರ ಅಷ್ಟೇ ಭದ್ರವಾಗಿರುತ್ತದೆ. ಸಾಹೇಬರು ಎರಡನ್ನೂ ಓದಿ, ಎರಡನ್ನೂ ಮೆಚ್ಚಿ, ಎಚ್ಚರಿಕೆ ಕೊಟ್ಟು ಕಡತ ಮುಗಿಸುತ್ತಾರೆ. ಇದರಲ್ಲಿ ಯಾರಿಗೂ ನಷ್ಟವಾದದ್ದನ್ನು ನಾನು ಕಂಡಿಲ್ಲ.

ಬುಧವಾರ ಊಟದ ಡಬ್ಬಿ ಮುಚ್ಚುತ್ತಿದ್ದೆ, ಮೇಜಿನ ಮುಂದೆ ಇಮ್ತಿಯಾಜ್ ನಿಂತಿದ್ದ. ಕೈಯಲ್ಲಿ ನನ್ನ ನೋಟೀಸು, ನಾಲ್ಕು ಮಡಿಕೆಯಾಗಿ. ಅವನ ಅಂಗಡಿಯ ಲೈಸೆನ್ಸಿಗೂ ಮಗಳ ಶಾಲೆಗೂ ಅರ್ಜಿ ಬರೆದುಕೊಟ್ಟವನು ನಾನೇ. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಆದರೆ ಬರೆಯುವ ಕನ್ನಡಕ್ಕೆ ಮಾತ್ರ ಅವನು ನನ್ನನ್ನೇ ನಂಬಿದ್ದ. ನಾನು ಏನೂ ತಿಳಿಯದವನ ಹಾಗೆ ಕಾಗದ ಬಿಡಿಸಿ ಓದತೊಡಗಿದೆ.

“ನೀವೇ ಬರ್ದಿರೋದು ಅಂತ ಗೊತ್ತು ಸಾರ್. ನಿಮ್ಮ ಕನ್ನಡ ನಂಗೆ ಗೊತ್ತಾಗಲ್ವಾ? ಅದಕ್ಕೇ ಉತ್ತರಾನೂ ನಿಮ್ಮ ಹತ್ರಾನೇ ಬರೆಸೋಣ ಅಂತ ಬಂದೆ,” ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಸ್ಟೂಲು ಎಳೆದುಕೊಂಡು ಕೂತು, ಕೊನೆಗೊಂದು ಸಾಲು ಸೇರಿಸಿ ಎಂದು ಕೇಳಿದ. ಮುಂದಿನ ಗುಂಡ್ಲುಪೇಟೆ ಪಂದ್ಯವೇ ಕಡೆ, ಆಮೇಲೆ ಅವನು ಆಡುವುದಿಲ್ಲ. ಚೆಂಡು ಅವನದು, ಬಲೆ ಅವನ ಅಂಗಡಿಯ ಅಟ್ಟದಲ್ಲಿ, ಭಾನುವಾರ ಬೆಳಗ್ಗೆ ಮನೆಮನೆಗೆ ಹೋಗಿ ಉಳಿದ ಹತ್ತು ಜನರನ್ನು ಎಬ್ಬಿಸುವವನು ಅವನು. ಅವನು ಬಿಟ್ಟರೆ ಕ್ಲಬ್ಬೇ ಇಲ್ಲ. ಕ್ಲಬ್ಬಿಲ್ಲದ ಭಾನುವಾರವನ್ನು ನಾನು ಕಣ್ಣಮುಂದೆ ತಂದುಕೊಂಡೆ. ಹೆಂಡತಿಯ ಜೊತೆ ಅವಳ ಅಕ್ಕನ ಮನೆಗೆ ಹೋಗಿ, ಸೋಫಾದಲ್ಲಿ ಕೂತು, ಆಲ್ಬಮ್ ನೋಡುವುದು ಕಾಣಿಸಿತು.

ಅವನನ್ನು ಉಳಿಸಿಕೊಳ್ಳಲು ನನಗೆ ಗೊತ್ತಿದ್ದ ದಾರಿ ಒಂದೇ, ಒಳ್ಳೆಯ ಉತ್ತರ ಬರೆಯುವುದು. ಅಭ್ಯಾಸದಂತೆ, ನಿನ್ನ ಪರವಾಗಿ ಏನಿದೆ ಹೇಳಪ್ಪ ಎಂದೆ. ತಾನು ಗೋಲು ಕಾಯುವವನೇ ಅಲ್ಲ ಎಂದ ಅವನು. ಹದಿನೈದನೇ ವಯಸ್ಸಿನಿಂದ ಮುಂದೆ ನಿಂತು ಗೋಲು ಹೊಡೆದವನಂತೆ. ಮೊದಲು ಗೋಲು ಕಾಯುತ್ತಿದ್ದವನು ಕೆಲಸ ಸಿಕ್ಕಿ ಸತ್ಯಮಂಗಲಕ್ಕೆ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲೊಲ್ಲರು. ಯಾಕೆ ಎಂದು ಕೇಳಿದೆ. “ಅಲ್ಲಿ ನಿಂತ್ರೆ ನಿಮ್ಮ ಮಾತು ಕೇಳಬೇಕಲ್ಲ ಸಾರ್. ಯಾರೂ ಒಪ್ಪಲ್ಲ,” ಎಂದು ನೆಲ ನೋಡಿದ.

ನಾಚಿಕೆಯಾಯಿತು, ನಿಜ. ಆದರೆ ಬರೆಯುವವನ ದುರ್ಗುಣ ನೋಡಿ, ನಾಚಿಕೆಗಿಂತ ಮೊದಲು ಪಾಯಿಂಟು ಸಿಕ್ಕಿತಲ್ಲ ಎಂದು ಖುಷಿಯಾಯಿತು. ಕೈ ತಾನಾಗಿ ಓಡಿತು. ‘ಸದರಿ ಅಭಿಮಾನಿಗಳು ಗೋಲಿನ ಹಿಂಬದಿ ನಿಂತು ಆಡುವ ಮಾತುಗಳಿಂದಾಗಿ ಗೋಲು ಕಾಯಲು ಯಾರೂ ಮುಂದೆ ಬರದಿರುವುದರಿಂದ, ಗೋಲು ಹೊಡೆಯಬೇಕಾದ ನಾನೇ ಗೋಲು ಕಾಯಬೇಕಾಗಿ ಬಂದಿರುತ್ತದೆ. ಹೊಡೆಯುವವನನ್ನು ಕಂಬಗಳ ನಡುವೆ ಕಟ್ಟಿಹಾಕಿ, ಏಕೆ ಹೊಡೆಯಲಿಲ್ಲ ಎಂದು ಕೇಳುವುದು ಯಾವ ನ್ಯಾಯ?’ ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಪತ್ರಕ್ಕೆ ಒಂದು ಗಟ್ಟಿ ಮುಕ್ತಾಯ ಬೇಡವೇ? ‘ಆದ್ದರಿಂದ ನೋಟೀಸು ಬರೆದವರೇ ಗುಂಡ್ಲುಪೇಟೆ ಪಂದ್ಯದಲ್ಲಿ ಗೋಲಿನಲ್ಲಿ ನಿಂತು ಮಾದರಿಯಾಗತಕ್ಕದ್ದು. ತಪ್ಪಿದಲ್ಲಿ ತಂಡವನ್ನು ವಿಸರ್ಜಿಸಲಾಗುವುದು,’ ಎಂದು ಬರೆದು ಪೂರ್ಣವಿರಾಮ ಇಟ್ಟೆ. ಇಮ್ತಿಯಾಜ್ ಓದಿಸಿಕೊಂಡು, ಇದು ಇರಲೇಬೇಕಾ ಸಾರ್ ಎಂದು ಅನುಮಾನಪಟ್ಟ. ಇದಿದ್ದರೇನೇ ಪತ್ರಕ್ಕೆ ತೂಕ ಎಂದು ನಾನೇ ಅವನಿಗೆ ತಿಳಿಹೇಳಿದೆ.

ಶುಕ್ರವಾರ ಸಂಜೆ ಟೀ ಅಂಗಡಿಯಲ್ಲಿ ಮಾದಪ್ಪ ಆ ಉತ್ತರವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ಟೀ ಲೋಟಗಳು ಕೈಯಲ್ಲೇ ಆರಿದವು. ನನ್ನ ಬರವಣಿಗೆ ಅಷ್ಟು ಜನರ ಮನಸ್ಸು ಮುಟ್ಟಿದ್ದು ಅದೇ ಮೊದಲು. ಓದಿ ಮುಗಿಸಿದ ಮಾದಪ್ಪ ಕಾಗದ ಮಡಿಸಿ ನನ್ನ ಕಡೆ ತಿರುಗಿದ. “ಬರ್ದಿರೋನು ಯಾರೋ ಕಾಣೆ ಸಾ, ಸತ್ಯವಾಗಿ ಬರ್ದವ್ನೆ. ನಮ್ದೇ ತಪ್ಪು. ನೀವು ಓಗಿ ನಿಂತ್ಕಬುಡಿ,” ಎಂದ. ನನಗೆ ನಲವತ್ತಾರು ವರ್ಷ, ಕನ್ನಡಕವಿದೆ, ಮಂಡಿ ಸರಿಯಿಲ್ಲ ಎಂದೆಲ್ಲ ಹೇಳಿನೋಡಿದೆ. ನಾನು ಬರೆದ ಉತ್ತರದ ಮುಂದೆ ನಾನು ಹೇಳಿದ್ದು ಯಾವುದೂ ನಿಲ್ಲಲಿಲ್ಲ.

ಹೀಗೆ ನಾನು ಗುಂಡ್ಲುಪೇಟೆಯ ಮೈದಾನದಲ್ಲಿ ಎರಡು ಕಂಬಗಳ ನಡುವೆ ನಿಂತೆ. ಕೈಗೆ ಇಮ್ತಿಯಾಜ್ ಸೀಟಿನ ರೆಕ್ಸಿನ್‌ನಲ್ಲಿ ಹೊಲಿದ ಗವಸು. ಗುಂಡ್ಲುಪೇಟೆಯವರಿಗೆ ಪಕ್ಕದ ಕೇರಳದ ಗಾಳಿ ತಾಗಿದೆ, ಚೆಂಡು ಅವರ ಕಾಲಿಗೆ ಅಂಟಿಕೊಂಡೇ ಇರುತ್ತದೆ. ಮೊದಲ ಗೋಲು ಒಳಗೆ ಹೋದದ್ದು ನನಗೆ ಗೊತ್ತಾದದ್ದು ಜನ ಕೂಗಿದ ಮೇಲೆ. ಎರಡನೆಯದಕ್ಕೆ ಚೆಂಡು ಎಡಕ್ಕೆ ಬಂತು, ನಾನು ಬಲಕ್ಕೆ ಹಾರಿದೆ. ಹಾರಿದೆ ಎನ್ನುವುದು ನನ್ನ ಮಾತು, ನೋಡಿದವರು ಬಿದ್ದೆ ಎನ್ನುತ್ತಾರೆ. ಮೂರನೆಯದು ನನ್ನ ಬೆನ್ನಿಗೆ ತಗಲಿ ಒಳಗೆ ಹೋಯಿತು. ಆಮೇಲಾಮೇಲೆ ಆ ಊರಿನವರೇ ಕನಿಕರಪಟ್ಟು, ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ನನಗೆ ಸಲಹೆ ಕೊಡತೊಡಗಿದರು. ಗೋಲಿನ ಹಿಂದೆ ನಿಂತಿದ್ದ ಮಾದಪ್ಪ ಮಾತ್ರ ತುಟಿ ಬಿಚ್ಚಲಿಲ್ಲ. ಅವನ ಆ ಮೌನ ನನ್ನ ಬೆನ್ನಿನಲ್ಲಿ ನವೆಯಂತೆ ಹರಿದಾಡುತ್ತಿತ್ತು.

ಐದನೆಯ ಗೋಲಿನ ಹೊತ್ತಿಗೆ ಕನ್ನಡಕ ಎಲ್ಲೋ ಬಿತ್ತು. ನಾನು ಮಂಡಿಯೂರಿ ಹುಲ್ಲಿನಲ್ಲಿ ತಡಕುತ್ತಿದ್ದಾಗ ಆ ಕಡೆಯಿಂದ ಭಾರೀ ಗದ್ದಲ ಎದ್ದಿತು. ಕನ್ನಡಕ ಸಿಕ್ಕಿ, ಒರೆಸಿ, ಹಾಕಿಕೊಂಡು ನೋಡಿದರೆ ನಮ್ಮವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಜಗಳ ಶುರುವಾಯಿತೆಂದುಕೊಂಡು ಬಿಡಿಸಲು ಓಡಿದೆ. ರಾಶಿಯ ಅಡಿಯಿಂದ ಇಮ್ತಿಯಾಜ್ ಎದ್ದ. ಅವನು ಅಷ್ಟು ದೂರದಿಂದ ಒಬ್ಬನೇ ಚೆಂಡು ಒಯ್ದು, ಮೂವರನ್ನು ದಾಟಿ ಗೋಲು ಹೊಡೆದಿದ್ದನಂತೆ. ಮಾದಪ್ಪ ಗೋಲಿನ ಕಂಬವನ್ನು ತಬ್ಬಿಕೊಂಡು ಅಳುತ್ತಿದ್ದ. ಇಡೀ ವರ್ಷ ಕಾದಿದ್ದ ಆ ಗೋಲನ್ನು ನೋಡದವನು ಆ ಮೈದಾನದಲ್ಲಿ ನಾನೊಬ್ಬನೇ. ಪಂದ್ಯ ಏಳು ಒಂದಕ್ಕೆ ಮುಗಿಯಿತು.

ವಾಪಸು ಬರುವ ಬಸ್ಸಿನಲ್ಲಿ ಸೋತವರ ಲಕ್ಷಣ ಯಾರಲ್ಲೂ ಇರಲಿಲ್ಲ. ಆ ಒಂದು ಗೋಲನ್ನು ಎಲ್ಲರೂ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದರು, ಕಂಡಕ್ಟರಿಗೂ ಹೇಳಿದರು. ನಾನು ಇಮ್ತಿಯಾಜನ ಪಕ್ಕ ಕೂತು, ಆಟ ಬಿಡುತ್ತೀಯಾ ಎಂದು ಹೆದರುತ್ತಲೇ ಕೇಳಿದೆ. ಯಾಕೆ ಸಾರ್ ಬಿಡ್ಲಿ ಎಂದು ನಕ್ಕ. ಗೋಲಿಗೆ ಮಾತ್ರ ಬೇರೆ ಯಾರನ್ನಾದರೂ ಹುಡುಕಬೇಕು ಎಂದ. ಕ್ಲಬ್ಬು ಉಳಿಯಿತು, ನನ್ನ ಭಾನುವಾರಗಳು ಉಳಿದವು. ನೆಮ್ಮದಿಯಾಗಿ ಒರಗಿ ಕೂರಬೇಕಿತ್ತು, ಆಗಲಿಲ್ಲ. ಏಳು ಗೋಲುಗಳ ಬಗ್ಗೆ ಯಾರಾದರೂ ಒಂದು ಮಾತು ಎತ್ತುತ್ತಾರೆಂದು ಕಾದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ರೆಕ್ಸಿನ್ ಜಾರುತ್ತಿತ್ತು, ಕನ್ನಡಕ ಬಿತ್ತು ಎಂದು ಉತ್ತರಗಳನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ. ತೆರಕಣಾಂಬಿ ಬರುವಷ್ಟರಲ್ಲಿ ತಡೆಯಲಾಗದೆ, ಏಳು ಗೋಲು ಬಿಟ್ಟಿದ್ದೀನಲ್ಲಪ್ಪ, ಒಂದು ಮಾತಾದರೂ ಬೈಯಿ ಎಂದೆ.

ಇಮ್ತಿಯಾಜ್ ನಿಜವಾಗಿಯೂ ಆಶ್ಚರ್ಯದಿಂದ ನನ್ನ ಮುಖ ನೋಡಿದ. “ನಿಮ್ಮನ್ನ ಯಾಕೆ ಬೈಲಿ ಸಾರ್? ನೀವು ತಡೀತೀರಿ ಅಂತ ನಾವು ಯಾರೂ ಅಂದ್ಕೊಂಡೇ ಇರ್ಲಿಲ್ಲ,” ಎಂದು ಪ್ರೀತಿಯಿಂದ ನನ್ನ ತೊಡೆ ತಟ್ಟಿ, ಕಣ್ಣು ಮುಚ್ಚಿದ. ಬಸ್ಸಿನಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ನಿದ್ದೆ ಹೋದರು. ನಾನೊಬ್ಬ ಎಚ್ಚರವಾಗಿದ್ದು, ಯಾರೂ ಕೇಳದ ಸಮಜಾಯಿಷಿಯನ್ನು ಚಾಮರಾಜನಗರ ಬರುವವರೆಗೂ ಮನಸ್ಸಿನಲ್ಲೇ ತಿದ್ದುತ್ತಾ ಕೂತಿದ್ದೆ.