ಹೋಬರ್ಟನ ನೂಲು

ಹೋಬರ್ಟ್ ನೇಪಿಯರ್ ತನ್ನ ಕನ್ನಡಕದ ಮೇಲೆ ತಾನೇ ಕೂತದ್ದು ಶನಿವಾರ ಬೆಳಿಗ್ಗೆ ಏಳೂಕಾಲಿಗೆ. ಕೂತವನು ತಕ್ಷಣ ಏಳಲಿಲ್ಲ. ಕೆಳಗಿನಿಂದ ಬಂದ ಚಟಕ್ ಸದ್ದು ಕುರ್ಚಿಯದ್ದೇ ಆಗಿರಲಿ ದೇವರೇ ಎಂದು ಒಂದು ಗಳಿಗೆ ಬೇಡಿಕೊಂಡ. ಎದ್ದು ನೋಡಿದರೆ ಒಂದು ಗಾಜು ಪುಡಿಪುಡಿ. ಇನ್ನೊಂದು ಚಿಮ್ಮಿ, ಜಗಲಿಯ ಹಲಗೆಸಂದಿಯಲ್ಲಿ ಇಳಿದು, ಕೆಳಗೆ ಕೆದಕುತ್ತಿದ್ದ ಕೋಳಿಗಳ ಪಾಲಾಗಿತ್ತು.

ದೂರದ್ದೆಲ್ಲ ಹೋಬರ್ಟನಿಗೆ ಹದ್ದಿಗೆ ಕಂಡಂತೆ ಕಾಣುತ್ತಿತ್ತು. ಎದುರು ಗುಡ್ಡದ ಮೇಲೆ ಮೇಯುವ ಹಸುವಿನ ಕೊಂಬು ಮುರಿದಿದೆಯೋ ಇಲ್ಲವೋ ಹೇಳಬಲ್ಲ. ಕೈಯಳತೆಯೊಳಗೆ ಬಂದದ್ದು ಮಾತ್ರ ಗಂಜಿಯಲ್ಲಿ ಅದ್ದಿ ತೆಗೆದ ಹಾಗೆ. ಬೇರೆ ದಿನವಾಗಿದ್ದರೆ ಅದಕ್ಕೂ ಅಡ್ಡಿಯಿರಲಿಲ್ಲ. ಆದರೆ ಅವತ್ತು ಟರ್ಕಿಪೆನ್ ಹಳ್ಳದ ಕೋವಿ ಕೂಟ.

ಅಕ್ಟೋಬರಿನಲ್ಲಿ ಮದ್ದುಕೋವಿಯ ಬೇಟೆ ಶುರುವಾಗುವ ಮುಂಚಿನ ಶನಿವಾರ, ಹಳ್ಳದವರೆಲ್ಲ ಅಜ್ಜಂದಿರ ಕಾಲದ ಉದ್ದನೆಯ ಕೋವಿ ಹೊತ್ತು ಬಂದು ಗುರಿ ತೋರಿಸಲೇಬೇಕು. ಮೂತಿಯಿಂದ ಮದ್ದು ಸುರಿದು, ಬಟ್ಟೆ ಸುತ್ತಿದ ಗುಂಡನ್ನು ಗಜದ ಕೋಲಿನಿಂದ ತಳಕ್ಕೆ ತಳ್ಳಿ, ಅರವತ್ತು ಹೆಜ್ಜೆ ದೂರದ ಸುಟ್ಟ ಹಲಗೆಗೆ ಮೂರು ಈಡು. ಹಲಗೆಯ ನಡುವೆ ಚಾಕುವಿನಿಂದ ಗೀರಿದ ಬಿಳಿಯ ಅಡ್ಡಗೀಟು. ಕೋವಿಗೆ ಆನಿಕೆ ಇಲ್ಲ, ನಳಿಗೆ ಬಿಸಿ ಮಾಡಿಕೊಳ್ಳುವ ಈಡೂ ಇಲ್ಲ. ಜಿಂಕೆಯೇನು "ನೀನು ಬಿಸಿಯಾಗು, ಆಮೇಲೆ ಬರ್ತೀನಿ" ಅನ್ನುತ್ತದೆಯೇ? ಮೂರರಲ್ಲಿ ಒಂದು ಗುಂಡು ಊಟದ ತಟ್ಟೆಯಷ್ಟಗಲ ಬಿಟ್ಟು ಆಚೆ ಬಿದ್ದರೂ ಅವನಿಗೆ ಆ ವರ್ಷ ಗುಡ್ಡದಲ್ಲಿ ಬೇಟೆಯಿಲ್ಲ. ಎಲ್ಲರಿಗಿಂತ ಚೆನ್ನಾಗಿ ಹೊಡೆದವನಿಗೆ ಮೊದಲ ಬೆಳಗಿನ ಮೊದಲ ಜಾಗ, ಅಂದರೆ ಬಿಳಿ ಓಕ್ ಮರಗಳ ಸಂದು. ಹನ್ನೆರಡು ಕವಲಿನ ಕೊಂಬಿನ ಗಂಡುಜಿಂಕೆಯೊಂದು ಬೇಸಿಗೆಯಿಡೀ ಅಲ್ಲಿ ಓಡಾಡಿತ್ತು.

ಇದನ್ನೆಲ್ಲ ಅಳೆಯುವವನು ಹೋಬರ್ಟ್. ಗುಂಡು ಬಿದ್ದ ತೂತಿಗೊಂದು ಕಡ್ಡಿ ಸಿಕ್ಕಿಸಿ, ನಡುಗೀಟಿನಿಂದ ಕಡ್ಡಿಯವರೆಗೆ ನೂಲೆಳೆದು, ಮೂರರ ಉದ್ದವನ್ನೂ ಕೂಡಿಸುತ್ತಾನೆ. ಯಾರ ನೂಲು ಗಿಡ್ಡವೋ ಅವರು ಗೆದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವನ ನೂಲಿಗೆ ಎದುರಾಡಿದವರಿಲ್ಲ.

"ಕನ್ನಡಕ ಒಡೀತು ಅಂತ ಹೇಳ್ಬಿಡು. ಒಂದು ವರ್ಷ ಆರ್ಲಿಸ್ ಅಳೀಲಿ" ಎಂದಳು ಹೆಂಡತಿ ವರ್ನಾ.

"ಆರ್ಲಿಸ್? ನನ್ನ ಟಪಾಲನ್ನ ಮೂರು ಸಲ ಬೇರೆಯವರ ಮನೆಗೆ ಕೊಟ್ಟವನು! ಅವನ ಕೈಗೆ ನನ್ನ ನೂಲು ಕೊಡ್ಲಾ?"

"ನಿನಗೆ ಕಾಣೋದಿಲ್ಲವಲ್ಲೋ."

"ಕಣ್ಣಿಗೆ ಕಾಣೋದನ್ನ ಯಾರು ಬೇಕಾದರೂ ಅಳೀತಾರೆ" ಎಂದು ಹೋಬರ್ಟ್ ಹ್ಯಾಟು ಏರಿಸಿದ. ಆ ಮಾತಿಗೆ ಏನರ್ಥವೆಂದು ಅವನಿಗೂ ತಿಳಿದಿರಲಿಲ್ಲ. ಆದರೂ ಹೇಳಿದ ಮೇಲೆ ಎದೆ ಎರಡು ಬೆರಳು ಉಬ್ಬಿತು.

ಹಳ್ಳದ ದಂಡೆಯ ಬಯಲಲ್ಲಿ ಆಗಲೇ ಮೂವತ್ತು ಜನ ಸೇರಿದ್ದರು. ಸುಟ್ಟು ಕಪ್ಪು ಮಾಡಿದ ಹಲಗೆಗಳ ರಾಶಿಯನ್ನು ಕ್ಲೀವನ್ ಸ್ಲೋನ್ ತನ್ನ ಗಾಡಿಯಿಂದ ಇಳಿಸುತ್ತಿದ್ದ. ಈ ಕ್ಲೀವನ್ ನಲವತ್ತರ ಗಟ್ಟಿ ಆಳು. ಸತತ ಮೂರು ವರ್ಷ ಎರಡನೆಯವನಾಗಿ, ಈಗ ಎರಡು ಎಂಬ ಅಂಕಿ ಕಂಡರೇ ಹಲ್ಲು ಕಡಿಯುತ್ತಿದ್ದ. ಅವನನ್ನು ಮೂರು ಸಲವೂ ಸೋಲಿಸಿದವಳು ಎಪ್ಪತ್ತೆರಡರ ಓಮಾ ಫ್ಯೂಗೇಟ್. ಹಳ್ಳಕ್ಕೆಲ್ಲ ಓಮಾ ಚಿಕ್ಕಮ್ಮ. ತನಗಿಂತ ಒಂದು ಗೇಣು ಉದ್ದದ ಚಕಮಕಿ ಕೋವಿಯನ್ನು ಪೊರಕೆ ಹಿಡಿದಷ್ಟು ಸಲೀಸಾಗಿ ಹಿಡಿದು ನಿಂತಿದ್ದಳು.

ಹೋಬರ್ಟ್ ಮೊದಲ ಹಲಗೆಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳಿಗೆ ಹೊಡೆದುಕೊಂಡ. ಎರಡನೆಯದಕ್ಕೂ ಅದೇ ಬೆರಳು.

"ಏನಣ್ಣಾ, ನೋಯ್ತಾ?" ಎಂದ ಟಪಾಲಿನ ಆರ್ಲಿಸ್. ಇವನಿಗೆ ಬೇರೆಯವರ ಕಾಗದ ಓದುವುದು ಕಾಯಕ, ಬೇರೆಯವರ ಮುಖ ಓದುವುದು ಹವ್ಯಾಸ.

"ಹಲಗೆ ಗಟ್ಟಿ ಇದೆಯಾ ಅಂತ ನೋಡ್ತಿದ್ದೆ" ಎಂದ ಹೋಬರ್ಟ್, ಕಣ್ಣಲ್ಲಿ ನೀರು ತುಂಬಿಕೊಂಡು.

ಈಡುಗಳು ಶುರುವಾದವು. ಹೊಗೆ ಹಳ್ಳದ ಮೇಲೆ ಮಂಜಿನಂತೆ ಕವಿಯಿತು. ಹೋಬರ್ಟ್ ಕ್ಲೀವನ್ನನ ಹಲಗೆಯ ಮುಂದೆ ನಿಂತ. ಕಪ್ಪು, ಅದರ ಮೇಲೆ ಇನ್ನಷ್ಟು ಕಪ್ಪು. ನಾಲ್ಕು ಹೆಜ್ಜೆ ಹಿಂದೆ ಸರಿದ. ತೂತುಗಳು ತಿಳಿಯಾಗಿ ಕಂಡವು. ಮುಂದೆ ಬಂದ, ಮಾಯ. ಮತ್ತೆ ಹಿಂದೆ, ಮತ್ತೆ ಮುಂದೆ.

"ಹೊಸ ಪದ್ಧತಿ ಇರಬೇಕು" ಎಂದು ಯಾರೋ ಪಿಸುಗುಟ್ಟಿದರು.

"ಕ್ಲೀವನ್," ಎಂದ ಹೋಬರ್ಟ್ ಕಂಚಿನ ಕಂಠದಲ್ಲಿ, "ಎಷ್ಟು ಈಡು ಹೊಡೆದೆ?"

"ಮೂರು."

"ಇಲ್ಲಿ ನಾಲ್ಕು ತೂತಿದೆ!"

ಜನ ಗುಂಪುಗೂಡಿದರು. ಕ್ಲೀವನ್ನನ ಮುಖ ಕೆಂಪಾಯಿತು. ಹೋಬರ್ಟ್ ನಾಲ್ಕನೆಯ ತೂತಿಗೆ ಕಡ್ಡಿ ಸಿಕ್ಕಿಸಲು ಕೈ ಚಾಚಿದ.

"ಹೋಬರ್ಟಣ್ಣಾ," ಎಂದ ಆರ್ಲಿಸ್ ಮೆಲ್ಲಗೆ, "ನಿನ್ನ ತೂತು ನಡ್ಕೊಂಡು ಹೋಗ್ತಿದೆ."

ನಾಲ್ಕನೆಯ ತೂತು ಹಲಗೆಯ ಅಂಚಿನವರೆಗೆ ನಡೆದು, ಅಲ್ಲಿ ಬೆನ್ನು ಬಿರಿದು ರೆಕ್ಕೆ ತೆಗೆದು, ಬುರ್ರೆಂದು ಹಾರಿಹೋಯಿತು.

ಇಂಥ ಹೊತ್ತಲ್ಲಿ ಸಾಮಾನ್ಯ ಮನುಷ್ಯ ಸೋತು ಕೂರುತ್ತಾನೆ. ಹೋಬರ್ಟ್ ಸಾಮಾನ್ಯನಲ್ಲ. "ಹುಳ ಅಂತ ನನಗೆ ಗೊತ್ತಿಲ್ಲವೇನು?" ಎಂದು ಕ್ಲೀವನ್ನನ ಹೆಗಲು ತಟ್ಟಿದ. "ಮೂರು ಹೊಡೆದವನು ಮೂರು ಅಂತಲೇ ಹೇಳ್ತಾನೋ, ಹೆದರಿ ನಾಲ್ಕು ಅಂತ ಒಪ್ಕೊಳ್ತಾನೋ ನೋಡಿದೆ. ಬೇಟೆಗಾರನಿಗೆ ಗುರಿ ಎಷ್ಟು ಮುಖ್ಯವೋ ನಾಲಗೆಯೂ ಅಷ್ಟೇ ಮುಖ್ಯ."

ಜನ ಮೆಚ್ಚಿ ತಲೆದೂಗಿದರು. ಕ್ಲೀವನ್ನನೂ ತೂಗಿದ. ಹೋಬರ್ಟನ ಎದೆ ಈಗ ಒಂದು ಗೇಣು ಉಬ್ಬಿತು.

ಹೀಗೇ ಹಿಂದೆ ಮುಂದೆ ಸರಿಯುತ್ತ, ಬೆರಳಲ್ಲಿ ತಡವುತ್ತ ಎಲ್ಲರ ಹಲಗೆಯೂ ಮುಗಿಯಿತು. ಕೊನೆಗೆ ಉಳಿದದ್ದು ಎರಡೇ ನೂಲು: ಕ್ಲೀವನ್ನನದು, ಓಮಾ ಚಿಕ್ಕಮ್ಮನದು. ಹೋಬರ್ಟ್ ಎರಡನ್ನೂ ಪಕ್ಕಪಕ್ಕ ಎತ್ತಿ ಹಿಡಿದ. ಒಂದೇ ನೂಲೋ, ಎರಡೋ, ಮೂರೋ ಎಂಬುದೇ ಅವನಿಗೆ ತಿಳಿಯದು. ಕೇಳಿದರೆ ಗುಟ್ಟು ರಟ್ಟು.

"ಸಮ!" ಎಂದ.

ಇಪ್ಪತ್ತೆರಡು ವರ್ಷದಲ್ಲಿ ಆಗದ್ದು! ಬಯಲೆಲ್ಲ ಗಜಿಬಿಜಿ. ಇಬ್ಬರಿಗೂ ಹೊಸ ಹಲಗೆ, ಒಂದೊಂದೇ ಈಡು, ಹೋಬರ್ಟನ ಕೂಗಿಗೆ ಇಬ್ಬರೂ ಒಟ್ಟಿಗೆ ಎಂದು ತೀರ್ಮಾನವಾಯಿತು. ಅವನು ರಾಶಿಯಿಂದ ಎರಡು ಹಲಗೆ ಎಳೆದು, ಅಂದಾಜಿನ ಮೇಲೆ ನಡುವೆ ಗೀಟು ಗೀರಿ, ಹಳ್ಳದ ಮಣ್ಣುದಿಬ್ಬಕ್ಕೆ ಒರಗಿದ್ದ ಕಂಬಗಳಿಗೆ ಬಡಿದ. ಆಮೇಲೆ ಜನರತ್ತ ತಿರುಗಿ ತನ್ನ ಹಳೆಯ ನಿಯಮ ನೆನಪಿಸಿದ: "ಈಡಾದ ಮೇಲೆ ನಾನು ತೀರ್ಪು ಹೇಳೋತನಕ ಹೊಡೆದವರು ಬಾಯಿ ಬಿಡೋ ಹಾಗಿಲ್ಲ. ಬಿಟ್ಟರೆ ಅವರ ಈಡು ರದ್ದು."

ಓರೆಯಲ್ಲಿದ್ದ ದೊಡ್ಡ ಮರದ ಮರೆಗೆ ಸರಿದು "ಹೊಡೀರಿ!" ಎಂದು ಕೂಗಿದ.

ಢಮಾರ್! ಇಬ್ಬರ ಮುಂದೆಯೂ ಹೊಗೆ ಎದ್ದಿತು. ಓಮಾ ಚಿಕ್ಕಮ್ಮ ಏಕೋ ಕೋವಿ ಇಳಿಸಲಿಲ್ಲ. ಮೂತಿಯನ್ನು ಆಕಾಶಕ್ಕೆತ್ತಿ, ತುಟಿ ಬಿಗಿದು, ಕಣ್ಣು ಅಗಲಿಸಿ ನಿಂತಳು.

"ಏನಾಯ್ತು ಚಿಕ್ಕಮ್ಮಾ?" ಎಂದ ಆರ್ಲಿಸ್.

"ಶ್! ಮಾತಾಡಿಸಬೇಡ, ಈಡು ರದ್ದಾಗುತ್ತೆ" ಎಂದು ಹೋಬರ್ಟ್ ಗದರಿದ. ಮುದುಕಿ ತುಟಿಯನ್ನು ಇನ್ನಷ್ಟು ಬಿಗಿದಳು.

ಹೋಬರ್ಟ್ ಮೊದಲು ಕ್ಲೀವನ್ನನ ಹಲಗೆ ತಡವಿದ. ಗೀಟಿನಿಂದ ಅರ್ಧ ಬೆರಳಷ್ಟು ಪಕ್ಕಕ್ಕೆ ತೂತು. ಭಲೇ ಗುರಿ. ಆಮೇಲೆ ಓಮಾಳ ಹಲಗೆ. ಬೆರಳು ಗೀಟಿನ ಮೇಲೆ ಹೋದದ್ದೇ ತಡ, ಬೆಣ್ಣೆಗೆ ಇಟ್ಟಂತೆ ಒಳಗಿಳಿಯಿತು. ನಟ್ಟನಡುವೆ! ದುಂಡಗೆ, ನುಣ್ಣಗೆ! ಹೋಬರ್ಟನ ಮೈ ಜುಮ್ಮೆಂದಿತು. ಬೆರಳನ್ನು ತೂತಿನಲ್ಲೇ ಇಟ್ಟುಕೊಂಡು ಭಾಷಣಕ್ಕೆ ತೊಡಗಿದ.

"ಹಳ್ಳದ ಜನವೇ! ಇಂಥ ಈಡನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ. ಒಂದು ಕೂದಲು ಆಚೆಯಿಲ್ಲ, ಈಚೆಯಿಲ್ಲ. ನಮ್ಮ ಅಜ್ಜಂದಿರು ಈ ಗುಡ್ಡ ಹತ್ತಿದ್ದು ಇಂಥ ಗುರಿಯ ಮೇಲೆ. ಗೆದ್ದದ್ದು ಓಮಾ ಚಿಕ್ಕಮ್ಮ!"

ಹ್ಯಾಟುಗಳು ಹಾರಿದವು. ಕ್ಲೀವನ್ ನಾಲ್ಕನೆಯ ಸಲ ಎರಡನೆಯವನಾಗಿ ನೆಲ ನೋಡಿದ.

"ಈಗ ಮಾತಾಡಬಹುದೇನಪ್ಪಾ?" ಎಂದಳು ಓಮಾ.

"ಧಾರಾಳವಾಗಿ ಮಾತಾಡು ಚಿಕ್ಕಮ್ಮಾ!"

"ನನ್ನ ಕೋವಿ ಇನ್ನೂ ಹಾರಿಲ್ಲ."

ಹಾರಿದ ಹ್ಯಾಟು ಹೆಕ್ಕಲು ಬಗ್ಗಿದವರು ಬಗ್ಗಿದಲ್ಲೇ ನಿಂತರು.

"ಕೋವಿಯ ಹೊರಗಿನ ಕಿವಿಯಲ್ಲಿಟ್ಟ ಮದ್ದು ಭಗ್ಗಂತು, ಅಷ್ಟೇ. ಒಳಗಿನದು ಹತ್ತಲಿಲ್ಲ. ಗುಂಡು ನಳಿಗೆಯಲ್ಲೇ ಇದೆ. ಹೇಳೋಣ ಅಂದರೆ ನಿನ್ನ ನಿಯಮ."

ಕ್ಲೀವನ್ ಓಡಿ ಹಲಗೆ ಕಿತ್ತು ತಿರುಗಿಸಿದ. ಮರುಕ್ಷಣ ಬಿದ್ದು ಬಿದ್ದು ನಕ್ಕ. "ಅಯ್ಯೋ! ಇದು ನಮ್ಮ ತಾತನ ಕೋಳಿಗೂಡಿನ ಬಾಗಿಲು! ಈ ತೂತಲ್ಲಿ ಅಗುಳಿ ಎಳೆಯೋ ಹಗ್ಗ ಇತ್ತು ಕಣ್ರೋ! ಹೋಬರ್ಟಣ್ಣ ಕೋಳಿಗೂಡಿಗೆ ಬಹುಮಾನ ಕೊಟ್ಟ!"

ಹೋಬರ್ಟನ ಎದೆ ಗಾಳಿ ಬಿಟ್ಟ ಚೆಂಡಾಯಿತು. ಬೆರಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಜೇಬಿಗೆ ತುರುಕಿದ.

"ನಗು ಆಮೇಲೆ" ಎಂದಳು ಓಮಾ. "ತುಂಬಿದ ಕೋವಿ ಮನೆಗೆ ಒಯ್ಯೋಕಾಗುತ್ತಾ? ನನ್ನ ಈಡು ಬಾಕಿಯಿದೆ. ಹಲಗೆ ಇದ್ದ ಹಾಗೇ ಹಾಕು, ಎಲ್ಲರೂ ಹಿಂದಕ್ಕೆ ಬನ್ನಿ."

ಕೂದಲಪಿನ್ನಿನಿಂದ ಕೋವಿಯ ಕಿವಿ ಚುಚ್ಚಿ ಸ್ವಚ್ಛ ಮಾಡಿ, ಹೊಸ ಮದ್ದಿಟ್ಟು, ಮುದುಕಿ ಗುರಿಯಿಟ್ಟು ಕೋವಿಯ ಕುದುರೆ ಎಳೆದಳು. ಢಂ! ಹೊಗೆ ಕರಗುವ ಮುಂಚೆಯೇ ಕ್ಲೀವನ್ ಹಲಗೆಯ ಹತ್ತಿರ ಇದ್ದ.

"ಹೊಸ ಗುರುತೇ ಇಲ್ಲ! ಹಲಗೆಗೇ ತಾಗಿಲ್ಲ! ನಾನು ಗೆದ್ದೆ!"

ಆರ್ಲಿಸ್ ಬಗ್ಗಿ ಹಗ್ಗದ ತೂತಿನೊಳಗೆ ಇಣುಕಿದ. ಒಳಅಂಚಿನಲ್ಲಿ ಹೊಸದಾಗಿ ಸೀಸ ಒರೆಸಿದ ಬೂದಿಬಣ್ಣದ ಗೆರೆ. ತೂತಿಗೆ ನೇರವಾಗಿ ಹಿಂದಿನ ದಿಬ್ಬದ ಮಣ್ಣಿಗೆ ಚಾಕು ಹಾಕಿ ಕೆದಕಿದ. ಗುಂಡೊಂದು ಅಂಗೈಗೆ ಬಿತ್ತು. "ಹಾ!" ಎಂದು ಕೈ ಒದರಿದ. ಇನ್ನೂ ಸುಡುತ್ತಿತ್ತು.

ಗುಂಡು ಆ ತೂತಿನಲ್ಲೇ ತೂರಿಹೋಗಿತ್ತು. ನಟ್ಟನಡುವೆ. ಒಂದು ಕೂದಲು ಆಚೆಯಿಲ್ಲ, ಈಚೆಯಿಲ್ಲ.

"ಹೋಬರ್ಟಣ್ಣ," ಎಂದ ಆರ್ಲಿಸ್, "ಹೊಡೆಯೋಕೆ ಮುಂಚೆಯೇ ತೀರ್ಪು ಹೇಳಿಬಿಟ್ಟ!"

ಹ್ಯಾಟುಗಳು ಮತ್ತೆ ಹಾರಿದವು, ಈ ಸಲ ಹೋಬರ್ಟನಿಗಾಗಿ. ಸೋತ ಕ್ಲೀವನ್ನನೇ ಬಂದು ಕೈ ಹಿಡಿದ. "ತಪ್ಪಾಯ್ತಣ್ಣಾ. ಇನ್ನು ನಿನ್ನ ನೂಲಿಗೆ ಎದುರು ಮಾತಾಡಿದರೆ ನನ್ನ ನಾಲಗೆ ಬಿದ್ದುಹೋಗಲಿ."

ಹೋಬರ್ಟನ ಎದೆ ಮತ್ತೆ ಉಬ್ಬಲು ಹೊರಟಿತು. ಅರ್ಧಕ್ಕೇ ನಿಂತಿತು. ಬೆಳಗಿನಿಂದ ತಾನು ಬೆರಳಲ್ಲಿ ತಡವಿ 'ಹೋಗು ಬೇಟೆಗೆ' ಎಂದ ಹತ್ತಾರು ಜನರ ಹಲಗೆಗಳು ನೆನಪಾದವು. ಅವರಲ್ಲಿ ಒಬ್ಬನ ಗುಂಡು ತಟ್ಟೆಯಾಚೆ ಬಿದ್ದಿದ್ದರೂ, ನಾಳಿದ್ದು ಗುಡ್ಡದಲ್ಲಿ ಯಾವುದೋ ಜಿಂಕೆ ಹೊಟ್ಟೆಯಲ್ಲಿ ಸೀಸ ಹೊತ್ತು ಮೂರು ದಿನ ನರಳುತ್ತದೆ. ಇಪ್ಪತ್ತೆರಡು ವರ್ಷ ನೂಲು ಹಿಡಿದದ್ದು ಅದಾಗಬಾರದು ಎಂದೇ ಅಲ್ಲವೇ? ಅವನು ಹ್ಯಾಟು ತೆಗೆದ.

"ಕೇಳ್ರಪ್ಪಾ. ನನ್ನ ಕನ್ನಡಕ ಬೆಳಿಗ್ಗೆ ಒಡೆದುಹೋಯ್ತು. ಹತ್ತಿರದ್ದು ನನಗೆ ಏನೇನೂ ಕಾಣ್ತಿಲ್ಲ. ಹುಳವೂ ಕಾಣಲಿಲ್ಲ, ನೂಲೂ ಕಾಣಲಿಲ್ಲ. ಎಲ್ಲ ಹಲಗೆಯನ್ನೂ ಇನ್ನೊಮ್ಮೆ ಅಳೀಬೇಕು."

ಬಯಲಿಗೆ ಬಯಲೇ ನಕ್ಕಿತು.

"ನೋಡಿ ದೊಡ್ಡತನ!" ಎಂದ ಆರ್ಲಿಸ್, ಕಣ್ಣೊರೆಸಿಕೊಳ್ಳುತ್ತ. "ಸೋತ ಕ್ಲೀವನ್ನನಿಗೆ ಬೇಜಾರಾಗದಿರಲಿ ಅಂತ ತನ್ನನ್ನೇ ಕುರುಡ ಅಂತಾನೆ!"

"ನಿಜವಾಗ್ಲೂ ಕಣ್ರೋ!"

"ಸಾಕಣ್ಣಾ, ನಾಚಿಕೆಯಾಗುತ್ತೆ ನಮಗೆ" ಎಂದ ಕ್ಲೀವನ್.

ಅವನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಊಟದ ಮೇಜಿಗೆ ಒಯ್ದರು. ಬೀನ್ಸಿನ ಸಾರು, ಮೆಕ್ಕೆಜೋಳದ ರೊಟ್ಟಿ, ಒಣಸೇಬಿನ ಪದರ ಪದರ ಕೇಕು. ಪಾದ್ರಿಗಳು ಊರಲ್ಲಿರಲಿಲ್ಲ. "ಇಂಥ ಕಣ್ಣು ನಮ್ಮಲ್ಲಿರೋವಾಗ ಪಾದ್ರಿ ಯಾಕೆ?" ಎಂದು ಆರ್ಲಿಸ್ ಓಮಾಳ ಮುತ್ತಜ್ಜಿಯ ಬೈಬಲ್ಲನ್ನು ಹೋಬರ್ಟನ ಕೈಗಿತ್ತ. ಅಂಗೈಯಗಲದ ಪುಸ್ತಕ, ಕನ್ನಡಕವಿದ್ದರೂ ಇರುವೆ ಸಾಲಿನಂತೆ ಕಾಣುವ ಅಕ್ಷರ. "ಒಂದು ಕೀರ್ತನೆ ಓದಣ್ಣಾ, ಊಟ ಮಾಡೋಣ."

ಮೂವತ್ತು ತಲೆಗಳು ಬಾಗಿದವು, ಕಣ್ಣುಗಳು ಮುಚ್ಚಿದವು. ಸದ್ಯ, ಹೋಬರ್ಟನಿಗೆ ತಾಯಿ ಕಲಿಸಿದ ಕೀರ್ತನೆಯೊಂದು ಬಾಯಿಪಾಠವಿತ್ತು. ಪುಸ್ತಕ ತೆರೆದು, ಎದೆಯೆತ್ತರಕ್ಕೆ ಹಿಡಿದು, ಸಾಲಿನ ಮೇಲೆ ಬೆರಳಾಡಿಸುತ್ತ, ಪ್ರತಿ ಪದವನ್ನೂ ಘಂಟೆ ಬಾರಿಸಿದಂತೆ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ಅವನಿಗೇ ತಾನು ಓದುತ್ತಿದ್ದೇನೆ ಅನ್ನಿಸಿತು. ಕಡೆಯ ಸಾಲಿಗೆ ಪುಟ ಕೂಡ ತಿರುವಿದ.

"ಆಮೆನ್" ಎಂದರು ಎಲ್ಲರೂ.

"ಆಮೆನ್" ಎಂದಳು ಓಮಾ ಚಿಕ್ಕಮ್ಮ. "ಹೋಬರ್ಟ್, ಪುಸ್ತಕ ತಲೆಕೆಳಗಾಗಿದೆ ಕಣಪ್ಪ."

ಮೂವತ್ತು ಜೊತೆ ಕಣ್ಣು ಒಮ್ಮೆಲೇ ತೆರೆದವು. ಈ ಸಲ ಎಲ್ಲರೂ ನಂಬಿದರು.

ಕ್ಲೀವನ್ ಸ್ಲೋನ್ ಎದ್ದ. ಬಯಲಿಗೆ ಹೋಗಿ, ಬೆಳಗಿನ ಹಲಗೆಗಳನ್ನೆಲ್ಲ ಹೊತ್ತು ತಂದು, ರೊಟ್ಟಿ ಸಾರು ಕೇಕನ್ನೆಲ್ಲ ಪಕ್ಕಕ್ಕೆ ಸರಿಸಿ, ಮೇಜಿನ ಉದ್ದಕ್ಕೂ ಸಾಲಾಗಿ ಜೋಡಿಸಿದ. ನೂಲುಂಡೆಯನ್ನು ಆರ್ಲಿಸನ ಕೈಗೆ ಕೊಟ್ಟ.

"ಮೊದಲಿಂದ ಶುರು ಮಾಡು" ಎಂದ.