ಹನ್ನೊಂದರಿಂದ ಹದಿನೆಂಟರವರೆಗಿನ ನಿರ್ಭಯ ದಿನಗಳು

೧೯೬೫ನೆಯ ಇಸವಿ ಸೆಪ್ಟೆಂಬರ್ ಒಂದರಿಂದ ಜಯನಗರ, ಬನಶಂಕರಿ ಹಾಗೂ ಪುಟ್ಟೇನಹಳ್ಳಿಯ ಎಲ್ಲೆಗಳೊಳಗೆ ವಾಸವಿರುವ ಸಕಲ ವಿವಾಹಿತ ಸ್ತ್ರೀಯರೂ ಪ್ರತಿ ತಿಂಗಳ ಹನ್ನೊಂದರಿಂದ ಹದಿನೆಂಟರವರೆಗೆ ಗರ್ಭ ಧರಿಸತಕ್ಕದ್ದಲ್ಲ ಎಂದು ಸಂತಾನ ಮಿತಿ ಪ್ರಚಾರ ಕಚೇರಿಯು ತೀರ್ಮಾನಿಸಿತು. ತೀರ್ಮಾನ ಸರ್ವಾನುಮತದ್ದು. ಸಭೆಯಲ್ಲಿ ಹೆಂಗಸರು ಯಾರೂ ಇರಲಿಲ್ಲವಾದ್ದರಿಂದ ಅನಗತ್ಯ ಚರ್ಚೆಗೆ ಆಸ್ಪದವಾಗಲಿಲ್ಲ.

ಈ ತೀರ್ಮಾನದ ಮೂಲಪುರುಷ ಬದರಿನಾಥ. ಗಣಿತದಲ್ಲಿ ಬಿ.ಎಸ್ಸಿ., ವಯಸ್ಸು ಇಪ್ಪತ್ತೈದು, ಮದುವೆಯಾಗಿ ಮೂರು ತಿಂಗಳು, ಕಚೇರಿಯಲ್ಲಿ ತಾತ್ಕಾಲಿಕ ಪ್ರಚಾರ ಉಪನ್ಯಾಸಕ. ಅವನ ಹೆಂಡತಿ ಸರ್ವಮಂಗಳಾ ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಮದುವೆಯ ವಾರವೇ ಆಕೆ ಮಾತು ತೆಗೆದುಕೊಂಡಿದ್ದಳು.

"ರೀ, ಏಪ್ರಿಲ್‌ನಲ್ಲಿ ನನ್ನ ಪರೀಕ್ಷೆ. ನಮ್ಮ ಕಾಲೇಜಲ್ಲಿ ಬಸುರಿಯರಿಗೆ ಹಾಲ್ ಟಿಕೆಟ್ ಕೊಡಲ್ಲ. ಅಲ್ಲೀವರೆಗೂ ಏನೂ ಆಗದ ಹಾಗೆ ನೋಡ್ಕೊಳ್ಳೋದು ನಿಮ್ಮ ಜವಾಬ್ದಾರಿ."

"ನಮ್ಮ ಆಫೀಸು ಇರೋದೇ ಅದಕ್ಕೆ ಕಣೇ," ಎಂದು ಬದರಿನಾಥ ನಕ್ಕಿದ್ದ. ನಕ್ಕಿದ್ದು ಪೂರ್ತಿ ಆತ್ಮವಿಶ್ವಾಸದಿಂದ. ಈ ವಿಷಯದಲ್ಲಿ ಗಂಡಸಿಗೆ ಅದೊಂದು ಹುಟ್ಟಿನಿಂದಲೇ ಬಂದಿರುತ್ತದಲ್ಲ.

ಆಗಸ್ಟಿನ ಒಂದು ಭಾನುವಾರ ನಾಲ್ಕನೇ ಬ್ಲಾಕಿನ ಭಜನೆ ಮನೆಯಲ್ಲಿ ಹೊಸದಾಗಿ ಮದುವೆಯಾದ ನಲವತ್ತೆಂಟು ಯುವಕರ ಸಭೆ ಸೇರಿತು. ಪ್ರಚಾರಾಧಿಕಾರಿ ರಾಮಪ್ರಸಾದ ಅವರದು ಅಧ್ಯಕ್ಷತೆ. ಅವರು ಐವತ್ತೆರಡು ವರ್ಷದ ಬ್ರಹ್ಮಚಾರಿ. ವಿಷಯದಲ್ಲಿ ಪಕ್ಷಪಾತವಿಲ್ಲದವರು ಎಂದೇ ನೇಮಕಗೊಂಡವರು.

"ನಿಮಗೆ ಗೊತ್ತಿರುವ ವಿಧಾನಗಳನ್ನು ಸಂಕೋಚವಿಲ್ಲದೆ ಹೇಳಬಹುದು," ಎಂದರು. ಒಂದು ನಿಮಿಷ ಎಲ್ಲರೂ ಕೃಷ್ಣನ ಪಟ ನೋಡುತ್ತ ಕೂತರು. ಆಮೇಲೆ ಕಟ್ಟೆ ಒಡೆಯಿತು.

"ಮೊದಲನೇ ಸಲಕ್ಕೆ ಏನೂ ಆಗಲ್ಲ ಸಾರ್. ಗ್ಯಾರಂಟಿ."

"ತಕ್ಷಣ ಎದ್ದು ಎರಡು ಚೊಂಬು ತಣ್ಣೀರು ಕುಡೀಬೇಕು."

"ಯಾರು, ಅವಳಾ?"

"ಇಲ್ಲ, ನಾನು. ನಾನೇ ಕುಡೀತಿದೀನಿ."

"ಹತ್ತು ಸಲ ಕುಪ್ಪಳಿಸಿದ್ರೆ ಇಳಿದೋಗುತ್ತೆ ಸಾರ್. ಕೆಳಗಿನ ಮನೆಯವರು ಬೈತಾರೆ, ಅಷ್ಟೇ ತೊಂದರೆ."

ಪುಟ್ಟೇನಹಳ್ಳಿಯ ಚಿಕ್ಕಬೈರಪ್ಪ ಎದ್ದು ನಿಂತ. "ಗಂಡ ಹೆಂಡ್ತೀಗೆ ಮನಸ್ಸು ಕೂಡ್ದಿದ್ರೆ ನಿಲ್ಲಲ್ಲ ಅಂತಾರೆ ಸಾರ್. ಆದ್ರೆ ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಮಾತು ಬಿಟ್ಟು ಹನ್ನೆರಡು ವರ್ಷ ಆಯ್ತು. ಮಕ್ಕಳು ಎಂಟು."

ಬದರಿನಾಥ ಕರುಣೆಯಿಂದ ಎಲ್ಲರನ್ನೂ ಕೂರಿಸಿ, ಕರಿಹಲಗೆಯ ಮೇಲೆ ಗೆರೆಯೊಂದನ್ನು ಎಳೆದ. "ಇವೆಲ್ಲ ಮೂಢನಂಬಿಕೆ. ವಿಜ್ಞಾನ ಕೇಳಿ. ಹೆಂಗಸರು ಮೂರು ದಿನ ಹೊರಗೆ ಕೂತು, ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಒಳಗೆ ಬರ್ತಾರೆ. ಅಪಾಯ ಇರೋದು ಅದರ ಅಕ್ಕಪಕ್ಕ. ಈ ತಿಂಗಳ ಸ್ನಾನ ಇಲ್ಲಿ, ಬರೋ ತಿಂಗಳದ್ದು ಅಲ್ಲಿ. ಎರಡಕ್ಕೂ ಅತಿ ದೂರದ ಜಾಗ ಯಾವುದು? ನಟ್ಟನಡುವೆ! ಎರಡು ಪೊಲೀಸ್ ಠಾಣೆಗಳ ನಡುಮಧ್ಯೆ ಸೈಕಲ್ಲಲ್ಲಿ ಡಬಲ್ ರೈಡ್ ಹೋದ್ರೆ ಯಾರು ಹಿಡೀತಾರೆ?"

ಚಪ್ಪಾಳೆ ಬಿತ್ತು. ತಣ್ಣೀರಿನವನಂತೂ ಕಣ್ಣೊರೆಸಿಕೊಂಡ.

ಬಾಗಿಲಾಚೆ ಕಚೇರಿಯ ಹೆರಿಗೆ ನರ್ಸ್ ಅಕ್ಕಯಮ್ಮ ನಿಂತಿದ್ದರು. ಇಪ್ಪತ್ತು ವರ್ಷದಲ್ಲಿ ಎರಡು ಸಾವಿರ ಹೆರಿಗೆ ಮಾಡಿಸಿದ ಕೈ. ಪುರುಷರ ಸಭೆಗೆ ಸ್ತ್ರೀ ಸಿಬ್ಬಂದಿ ಪ್ರವೇಶಿಸುವಂತಿಲ್ಲ ಎಂಬ ನಿಯಮವಿದ್ದುದರಿಂದ ಹೊಸ್ತಿಲಿನ ಹೊರಗಿನಿಂದಲೇ ಕೂಗಿದರು. "ಸ್ವಾಮಿ, ತಲೆಕೆಳಗಾಗಿ ಹೇಳ್ತಿದೀರ! ಹೆಚ್ಚಾಗಿ ನಿಲ್ಲೋದೇ ಆ ನಡುವಿನ ದಿನಗಳಲ್ಲಿ. ಅದೂ ಒಬ್ಬೊಬ್ಬಳಿಗೆ ಒಂದೊಂದು ಲೆಕ್ಕ."

"ಅಕ್ಕಯಮ್ಮ, ನಿಮ್ಮ ವಿದ್ಯಾರ್ಹತೆ?" ರಾಮಪ್ರಸಾದ ಕೇಳಿದರು.

"ಲೋಯರ್ ಸೆಕೆಂಡರಿ."

"ಅವರದು ಬಿ.ಎಸ್ಸಿ."

ಬಾಗಿಲು ಮುಚ್ಚಲಾಯಿತು. ಆದರೂ ಒಬ್ಬೊಬ್ಬಳಿಗೆ ಒಂದೊಂದು ಲೆಕ್ಕ ಎಂಬ ಮಾತು ಅಧಿಕಾರಿಗಳ ತಲೆಯಲ್ಲಿ ಉಳಿಯಿತು. ಮನೆಗೊಂದು ಕ್ಯಾಲೆಂಡರ್ ಅಚ್ಚು ಹಾಕಿಸುವುದು ಆಗದ ಮಾತು. ಆದಕಾರಣ ಸುತ್ತೋಲೆ ಹೊರಟಿತು: ಪ್ರತಿ ಸ್ತ್ರೀಯೂ ಇಂಗ್ಲಿಷ್ ತಿಂಗಳ ಒಂದನೆಯ ತಾರೀಖಿಗೆ ಹೊರಗಾಗತಕ್ಕದ್ದು. ಒಂದನೆಯ ತಾರೀಖು ಭಾನುವಾರ ಬಿದ್ದಲ್ಲಿ ಸೋಮವಾರ. ತಪ್ಪಿದವರು ಕಾರಣ ಸಹಿತ ಲಿಖಿತ ವಿವರಣೆ ನೀಡತಕ್ಕದ್ದು. ಹನ್ನೊಂದರಿಂದ ಹದಿನೆಂಟನ್ನು ಹಸಿರು ಶಾಯಿಯಲ್ಲಿ 'ನಿರ್ಭಯ ದಿನಗಳು' ಎಂದು ಮುದ್ರಿಸಿದ ಕ್ಯಾಲೆಂಡರು ನಲವತ್ತೆಂಟು ಮನೆಗಳ ಗೋಡೆ ಏರಿತು.

ಯುವಕರ ಶಿಸ್ತನ್ನು ಮೆಚ್ಚಲೇಬೇಕು. ಹತ್ತನೇ ತಾರೀಖಿನವರೆಗೆ ಋಷಿಗಳಂತೆ ಇದ್ದರು. ಹನ್ನೊಂದಕ್ಕೆ ಬನಶಂಕರಿಯ ಹೂವಿನಂಗಡಿಯಲ್ಲಿ ಮಲ್ಲಿಗೆ ಮೊಳಕ್ಕೆ ಎರಡರಷ್ಟು ಬೆಲೆ ಏರುತ್ತಿತ್ತು.

ನವೆಂಬರಿನಲ್ಲಿ ಸರ್ವಮಂಗಳಾ ಪುಸ್ತಕ ಮಡಚಿಟ್ಟು ಹೇಳಿದಳು. "ರೀ, ನಾನು ಹೊರಗೆ ಕೂತು ಎರಡು ತಿಂಗಳಾಯ್ತು."

ಬದರಿನಾಥ ಕ್ಯಾಲೆಂಡರಿನ ಕಡೆ ನೋಡಿದ. "ತಾರೀಖು ಏನಾದ್ರೂ ತಪ್ಪಿದ್ವಾ?"

"ಒಂದು ದಿನವೂ ತಪ್ಪಲಿಲ್ಲ. ಎಂಟಕ್ಕೆ ಎಂಟೂ ಬಿಡಲಿಲ್ಲವಲ್ಲ ನೀವು!" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೂರು ವರ್ಷ ಓದಿದೀನಿ. ಏನು ಮಾಡ್ತೀರೋ ನಂಗೊತ್ತಿಲ್ಲ. ನಂಗೆ ಹಾಲ್ ಟಿಕೆಟ್ ಬೇಕು."

ಹೊಸ ವರ್ಷದ ಹೊತ್ತಿಗೆ ನಲವತ್ತೆಂಟರಲ್ಲಿ ನಲವತ್ತನಾಲ್ಕು ಮನೆಗಳಿಂದ ಇದೇ ವರದಿ. ಉಳಿದ ನಾಲ್ವರು ಕ್ಯಾಲೆಂಡರನ್ನು ತಲೆಕೆಳಗಾಗಿ ನೇತುಹಾಕಿ ತಾರೀಖು ತಿಳಿಯದೆ ಸುಮ್ಮನಿದ್ದವರು. ಬದರಿನಾಥ ಕಡತವನ್ನು ರಾಮಪ್ರಸಾದರ ಮುಂದಿಟ್ಟ. ಅವರು ಕನ್ನಡಕ ಏರಿಸಿ ಓದಿದರು.

"ಇವರೆಲ್ಲ ಕ್ಯಾಲೆಂಡರ್ ಪಾಲಿಸಿದ್ದಾರೋ?"

"ಅಕ್ಷರಶಃ, ಸಾರ್."

"ಪಾಲಿಸಿದವರು ಗರ್ಭಿಣಿಯರಾಗುವುದಿಲ್ಲ ಎಂದು ಕಚೇರಿಯ ತೀರ್ಮಾನವಿದೆಯಷ್ಟೆ?"

"ಇದೆ ಸಾರ್."

"ಹಾಗಿದ್ದ ಮೇಲೆ ಇವರು ಗರ್ಭಿಣಿಯರಲ್ಲ. ಉದರ ವಿಸ್ತಾರ, ಇತರೆ ಕಾರಣ ಅಂತ ಬರ್ಕೊಳ್ಳಿ."

ಮನೆಗೆ ಬಂದು ಬದರಿನಾಥ ಇದನ್ನು ಹೇಳಿದಾಗ ಸರ್ವಮಂಗಳಾ ಅಳುವುದನ್ನು ಥಟ್ಟನೆ ನಿಲ್ಲಿಸಿದಳು. ಒಂದು ಗಳಿಗೆ ಯೋಚಿಸಿ, "ಅದನ್ನೇ ಸೀಲು ಹಾಕಿಸಿ ಕೊಡ್ತಾರೇನ್ರೀ?" ಎಂದಳು.

ಮಾರ್ಚ್ ಕೊನೆಯಲ್ಲಿ, ತುಂಬು ಆರು ತಿಂಗಳಲ್ಲಿ, ಆಕೆ ಪ್ರಿನ್ಸಿಪಾಲ್ ಕಾತ್ಯಾಯಿನಿ ಅವರ ಮೇಜಿನೆದುರು ಸೆರಗು ಹೊದ್ದು ನಿಂತಳು.

"ಏನಮ್ಮಾ ಇದು?"

"ಸರ್ಟಿಫಿಕೇಟು ಮೇಡಂ."

"ಅದಲ್ಲ, ಇದು!"

"ಇದರ ವಿಷಯಾನೇ ಅದರಲ್ಲಿ ಬರೆದಿದೆ ಮೇಡಂ."

ಪ್ರಿನ್ಸಿಪಾಲರು ಕಾಗದ ಓದಿದರು, ಹೊಟ್ಟೆ ನೋಡಿದರು, ಮತ್ತೆ ಕಾಗದ ಓದಿದರು. ಹೊಟ್ಟೆಗೆ ಸೀಲಿರಲಿಲ್ಲ, ಕಾಗದಕ್ಕೆ ಎರಡಿದ್ದವು. ಹಾಲ್ ಟಿಕೆಟ್ ಕೊಟ್ಟರು.

ಪರೀಕ್ಷೆಯ ದಿನ ಆ ಕಾಲೇಜಿನಲ್ಲಿ ಸರ್ಟಿಫಿಕೇಟು ಹಿಡಿದವರು ಒಟ್ಟು ಐದು ಮಂದಿ. ಐವರೂ ಬೆಂಚಿಗೂ ಡೆಸ್ಕಿಗೂ ನಡುವೆ ಕೂರಲಾಗದೆ ನಿಂತರು. ಮೇಲ್ವಿಚಾರಕರು ಪರಿಶೀಲಿಸಿ, ಡೆಸ್ಕುಗಳನ್ನು ಒಂದೊಂದು ಮೊಳ ಮುಂದಕ್ಕೆ ಎಳೆಸಿ, ದಿನಚರಿಯಲ್ಲಿ ಹೀಗೆ ದಾಖಲಿಸಿದರು: ಪೀಠೋಪಕರಣಗಳ ಅಳತೆಯಲ್ಲಿ ದೋಷ ಕಂಡುಬಂದಿದೆ, ಬಡಗಿಗೆ ನೋಟೀಸು ಕಳಿಸುವುದು.